ಗೋಡೆಯನ್ನು ಹಿಡಿದು ತನ್ನಿ: ಹವ್ಯಾಸಿಗಳಿಗೆ ಕೋರ್ಟ್ ದೃಶ್ಯ ಆರಿಸಿದ ಬಗೆ

ರಾಜ್ಯೋತ್ಸವಕ್ಕೋ ಗಣೇಶೋತ್ಸವಕ್ಕೋ ಅರ್ಧ ಗಂಟೆಯ ನಗೆನಾಟಕ ಬೇಕೆಂದು ಬಡಾವಣೆಯವರು ಕೇಳಿದಾಗಲೆಲ್ಲ ನಾನು ಮೊದಲು ಹುಡುಕುವುದು ಕೋರ್ಟಿನ ದೃಶ್ಯವನ್ನು. ಇದಕ್ಕೆ ಕಲೆಗಿಂತ ಮೈಕಿನ ಕಾರಣವೇ ದೊಡ್ಡದು. ಪೆಂಡಾಲಿನಲ್ಲಿ ನಮಗೆ ಸಿಗುವುದು ಎರಡು ಸ್ಟ್ಯಾಂಡ್ ಮೈಕು. ಸಂಸಾರದ ನಾಟಕವಾದರೆ ಪಾತ್ರಗಳು ಅಡುಗೆಮನೆಗೂ ಜಗಲಿಗೂ ಓಡಾಡಿ ಅರ್ಧ ಮಾತು ಗಾಳಿಪಾಲಾಗುತ್ತದೆ. ಕೋರ್ಟಿನಲ್ಲಿ ನ್ಯಾಯಾಧೀಶ ಕುರ್ಚಿ ಬಿಟ್ಟು ಏಳುವಂತಿಲ್ಲ, ಸಾಕ್ಷಿ ಕಟಕಟೆ ಬಿಟ್ಟು ಇಳಿಯುವಂತಿಲ್ಲ. ಮೇಜಿಗೊಂದು, ಕಟಕಟೆಗೊಂದು ಮೈಕು ಇಟ್ಟರೆ ಕೊನೆಯ ಸಾಲಿನ ಅಜ್ಜಿಗೂ ಕೇಳಿಸುತ್ತದೆ. ಜೊತೆಗೆ ನ್ಯಾಯಾಧೀಶನ ಮುಂದೆ ಫೈಲು ಇರಲೇಬೇಕು. ಆ ಫೈಲಿನೊಳಗೆ ಮಾತಿನ ಪ್ರತಿ ಇದ್ದರೆ ಯಾರಿಗೂ ತಿಳಿಯದು. ಪ್ರಾಂಪ್ಟರನ್ನು ಪರದೆಯ ಹಿಂದೆ ಬಚ್ಚಿಡುವ ಬದಲು ಬೆಂಚ್ ಕ್ಲರ್ಕ್ ಮಾಡಿ ರಂಗದ ಮೇಲೆಯೇ ಕೂರಿಸುತ್ತೇನೆ. ಅವರು ತಗ್ಗಿದ ದನಿಯಲ್ಲಿ ಏನು ಹೇಳಿಕೊಟ್ಟರೂ ಕಲಾಪದ ಭಾಗವೇ ಅನ್ನಿಸುತ್ತದೆ.

ಕೋರ್ಟ್ ದೃಶ್ಯಗಳಿಗೆ ನಾಟಕ ಸಾಹಿತ್ಯದಲ್ಲಿ ಬರವಿಲ್ಲ. ಆದರೆ ಓದುವಾಗ ನಗಿಸಿದ್ದೆಲ್ಲ ಹವ್ಯಾಸಿಗಳ ಬಾಯಲ್ಲಿ ನಗಿಸುವುದಿಲ್ಲ. ನನ್ನ ಪರೀಕ್ಷೆ ಸರಳ: ಗುಂಪಿನಲ್ಲಿ ಎಲ್ಲರಿಗಿಂತ ಸಪ್ಪೆಯಾಗಿ ಓದುವವರ ಕೈಗೆ ದೃಶ್ಯವನ್ನು ಕೊಟ್ಟು, ಪಡಿತರ ಚೀಟಿ ಓದಿದ ಹಾಗೆ ಓದಿಸುವುದು. ಆಗಲೂ ನಗು ಬಂದರೆ ಆ ನಗು ವಿಚಾರಣೆಯ ಕ್ರಮದಲ್ಲೇ ಇದೆ ಎಂದರ್ಥ. ಯಾರು ಆಡಿದರೂ ದಡ ಸೇರುತ್ತದೆ. ಬಾರದಿದ್ದರೆ ಅದು ನುರಿತ ನಟನೊಬ್ಬನ ನಾಲಿಗೆಯನ್ನೋ ಕಣ್ಣನ್ನೋ ನಂಬಿ ಬರೆದದ್ದು. ಷೇಕ್ಸ್‌ಪಿಯರನ ‘ಮಚ್ ಅಡೂ ಅಬೌಟ್ ನಥಿಂಗ್’ನಲ್ಲಿ ಡಾಗ್‌ಬೆರಿ ನಡೆಸುವ ವಿಚಾರಣೆ ಈ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಅಲ್ಲಿನ ನಗುವೆಲ್ಲ ತಪ್ಪು ಪದಪ್ರಯೋಗದ್ದು.

ಗೆದ್ದದ್ದು ಭಾರತೇಂದು ಹರಿಶ್ಚಂದ್ರರ ‘ಅಂಧೇರ್ ನಗರಿ’. 1881ರಲ್ಲಿ ಕಾಶಿಯಲ್ಲಿ ಬರೆದ ಈ ಹಿಂದಿ ಪ್ರಹಸನದ ನಾಲ್ಕನೆಯ ಅಂಕ ಪೂರ್ತಿ ಚೌಪಟ್ ರಾಜನ ದರ್ಬಾರು. ಕಲ್ಲೂ ಎಂಬ ವ್ಯಾಪಾರಿಯ ಗೋಡೆ ಬಿದ್ದು ತನ್ನ ಮೇಕೆ ಸತ್ತಿತೆಂದು ಫಿರ್ಯಾದಿ ಬರುತ್ತಾನೆ. ಗೋಡೆಯನ್ನು ಹಿಡಿದು ತನ್ನಿ ಎನ್ನುತ್ತಾನೆ ರಾಜ. ಗೋಡೆ ಬರುವಂತಿಲ್ಲ ಎಂದು ಮಂತ್ರಿ ಹೇಳಿದರೆ, ಅದರ ಅಣ್ಣನೋ ತಮ್ಮನೋ ಮಗನೋ ಇದ್ದರೆ ಅವನನ್ನೇ ತನ್ನಿ! ಅಲ್ಲಿಂದ ತಪ್ಪು ಕೈಯಿಂದ ಕೈಗೆ ದಾಟುತ್ತದೆ. ಕಲ್ಲೂ ಮೇಸ್ತ್ರಿಯನ್ನು ತೋರಿಸುತ್ತಾನೆ, ಮೇಸ್ತ್ರಿ ಸುಣ್ಣದವನನ್ನು, ಸುಣ್ಣದವನು ನೀರು ಹೆಚ್ಚು ಸುರಿದ ಭಿಸ್ತಿಯನ್ನು, ಎಂದರೆ ನೀರು ಹೊರುವವನನ್ನು. ಭಿಸ್ತಿಯ ತೊಗಲು ಚೀಲ ಅಷ್ಟು ದೊಡ್ಡದಾದದ್ದು ಕಟುಕನಿಂದ. ಕಟುಕನಿಗೆ ಅಷ್ಟು ದೊಡ್ಡ ಕುರಿಯನ್ನು ಮಾರಿದವನು ಕುರುಬ. ಕುರುಬನ ಗಮನ ತಪ್ಪಿದ್ದು ಕೊತ್ವಾಲನ ಸವಾರಿ ಹೊರಟಿದ್ದರಿಂದ. ಕೊನೆಗೆ ಕೊತ್ವಾಲನಿಗೆ ಗಲ್ಲು.

ಹವ್ಯಾಸಿ ತಂಡಕ್ಕೆ ಇದಕ್ಕಿಂತ ಒಳ್ಳೆಯ ಹಂಚಿಕೆ ನಾನು ಕಂಡಿಲ್ಲ. ಪ್ರತಿ ಆರೋಪಿಗೂ ಎರಡೋ ಮೂರೋ ಮಾತು, ಆಡಿ ಮುಗಿಸಿ ನಿರ್ಗಮನ. ನಡುಗುತ್ತ ಬಂದರೂ ಚಿಂತೆಯಿಲ್ಲ, ರಾಜನ ಮುಂದೆ ಆರೋಪಿ ನಡುಗಬೇಕಾದದ್ದೇ. ಮೊದಲ ಇಬ್ಬರು ಬಂದುಹೋಗುವ ವೇಳೆಗೆ ಪ್ರೇಕ್ಷಕರಿಗೆ ಆಟದ ನಿಯಮ ತಿಳಿದಿರುತ್ತದೆ. ಮೂರನೆಯವನು ಬಾಯಿ ತೆರೆಯುವ ಮೊದಲೇ ಮುಂದೆ ಕೂತ ಮಕ್ಕಳು ‘ನಾನಲ್ಲ ಸ್ವಾಮಿ’ ಎಂದು ಕೂಗುತ್ತಾರೆ. ಹಿರಿಯರಿಗಂತೂ ಕಥೆ ಹೊಸದಲ್ಲ. ಕಳ್ಳನ ಮೇಲೆ ಗೋಡೆ ಬಿದ್ದು, ಆ ಸಾವಿನ ಹೊಣೆ ಊರೆಲ್ಲ ಸುತ್ತುವ ಅಜ್ಜಿಕತೆ ಕನ್ನಡದಲ್ಲೂ ಇದೆ, ಎ.ಕೆ. ರಾಮಾನುಜನ್ ತಮ್ಮ ಜನಪದ ಕಥೆಗಳ ಸಂಗ್ರಹದಲ್ಲಿ ಅದನ್ನು ಸೇರಿಸಿದ್ದಾರೆ. ಆ ಕತೆಯಲ್ಲಿ ಮೇಸ್ತ್ರಿಯ ಗಮನ ತಪ್ಪಿಸುವವಳು ಬೀದಿಯಲ್ಲಿ ಗೆಜ್ಜೆ ಕಟ್ಟಿ ಓಡಾಡುವ ನರ್ತಕಿ. ಭಾರತೇಂದು ಅವರ ಸರಪಳಿಯಲ್ಲಿ ಹೆಂಗಸರೇ ಇಲ್ಲ. ನಮ್ಮ ತಂಡದಲ್ಲಿ ಅರ್ಧಕ್ಕೂ ಹೆಚ್ಚು ಹೆಂಗಸರು. ಹಾಗಾಗಿ ಅಜ್ಜಿಕತೆಯ ಧೈರ್ಯದ ಮೇಲೆ ಸುಣ್ಣದವಳು, ಕುರುಬಗಿತ್ತಿ, ಮೇಕೆ ಕಳೆದುಕೊಂಡ ಮುದುಕಿ ಎಂದು ಪಾತ್ರಗಳನ್ನು ಬದಲಿಸಿಕೊಂಡೆ. ಮುದುಕಿ ಅಳುತ್ತಿರುವಾಗ ರಾಜ ‘ಮೇಕೆ’ ಎನ್ನಲು ಹೋಗಿ ಪ್ರತಿ ಬಾರಿಯೂ ಬೇರೇನನ್ನೋ ಹೇಳುವುದು ಇನ್ನಷ್ಟು ಕಳೆಗಟ್ಟಿತು. ಮೂಲದಲ್ಲೂ ಅವನಿಗೆ ಮೇಕೆಯ ಹೆಸರು ನಾಲಿಗೆಗೆ ಹತ್ತುವುದಿಲ್ಲ.

ಭಿಸ್ತಿ ಯಾರೆಂದು ಇಂದಿನ ಹುಡುಗರಿಗೆ ತಿಳಿಯದು, ನೀರಿನ ಟ್ಯಾಂಕರ್ ಮಾಡಿಬಿಡೋಣ ಎಂಬ ಸಲಹೆ ಬಂತು. ಒಪ್ಪಲಿಲ್ಲ. ಟ್ಯಾಂಕರ್ ಬಂದರೆ ತೊಗಲು ಚೀಲ ಹೋಗುತ್ತದೆ, ಚೀಲದ ಹಿಂದೆ ಕಟುಕ, ಅವನ ಹಿಂದೆ ಕುರುಬಗಿತ್ತಿ; ಕೊತ್ವಾಲನವರೆಗೆ ಹೋಗಲು ದಾರಿಯೇ ಉಳಿಯುವುದಿಲ್ಲ. ಇಂಥ ಸರಪಳಿಯಲ್ಲಿ ಒಂದು ಕೊಂಡಿ ಮುಟ್ಟುವ ಮೊದಲು ಅದರ ಮುಂದಿನ ಮೂರನ್ನು ನೋಡಬೇಕು. ಗೋಣಿಚೀಲಕ್ಕೆ ಕಂದು ಬಣ್ಣ ಬಳಿದು, ಆಳಿಗಿಂತ ದೊಡ್ಡ ಚೀಲವೊಂದನ್ನು ಹೊಲಿಸಿದೆವು. ಅದನ್ನು ಹೊತ್ತು ಬಂದವನನ್ನು ಕಂಡ ಮೇಲೆ ಯಾರೂ ಭಿಸ್ತಿ ಎಂದರೇನು ಎಂದು ಕೇಳಲಿಲ್ಲ.

ರಾಜನ ಪಾತ್ರಕ್ಕೆ ಎಲ್ಲ ಕಡೆಯೂ ಒಂದೇ ರಗಳೆ. ಸಂಘದ ಹಿರಿಯರಿಗೆ ಎತ್ತರದ ಕುರ್ಚಿ ಬೇಕು, ಪೆದ್ದ ಎನ್ನಿಸಿಕೊಳ್ಳಲು ಮನಸ್ಸಿಲ್ಲ. ‘ಪಾನ್ ಖಾಯಿಯೇ (ಪಾನ್ ತಿನ್ನಿ) ಮಹಾರಾಜ’ ಎಂದು ಸೇವಕ ಕೂಗಿದ್ದನ್ನು ಶೂರ್ಪನಖಿ ಬಂದಳೆಂದು ಕೇಳಿಸಿಕೊಂಡು ಸಿಂಹಾಸನದಿಂದ ಎದ್ದು ಓಡುವ ರಾಜ ಅವನು! ನಾನು ಹಿರಿಯರಿಗೆ ಮಂತ್ರಿಯ ಪಾತ್ರ ಕೊಡುತ್ತೇನೆ. ಮಾತು ಕಡಿಮೆ, ಪೇಟ ದೊಡ್ಡದು, ವಿವೇಕ ಉಳಿದಿರುವ ಒಬ್ಬನೇ ಒಬ್ಬ ಎಂಬ ಗೌರವ ಬೇರೆ.

ಬದಿಗಿಟ್ಟ ದೃಶ್ಯಗಳನ್ನೂ ಹೇಳಬೇಕು, ಯಾಕೆಂದರೆ ಪ್ರತಿ ವರ್ಷ ಯಾರಾದರೂ ಅವನ್ನೇ ಸೂಚಿಸುತ್ತಾರೆ. ‘ಮರ್ಚೆಂಟ್ ಆಫ್ ವೆನಿಸ್’ ಎಲ್ಲರಿಗೂ ಶಾಲೆಯಿಂದಲೇ ಗೊತ್ತು. ಆದರೆ ಅಲ್ಲಿ ಸೋತು ನಿಂತವನನ್ನು ಧರ್ಮ ಬಿಡಿಸಿ ಮನೆಗೆ ಕಳಿಸುತ್ತಾರೆ. ಅದಕ್ಕೆ ಪೆಂಡಾಲಿನಲ್ಲಿ ಚಪ್ಪಾಳೆ ಬಿದ್ದರೆ ನನಗೆ ಮುಜುಗರ. ಮರಾಠಿಯ ವಿಜಯ್ ತೆಂಡೂಲ್ಕರರ ‘ಶಾಂತತಾ! ಕೋರ್ಟ್ ಚಾಲೂ ಆಹೆ’ಯಲ್ಲಿ ನಾಟಕ ತಂಡವೊಂದು ಆಟಕ್ಕೆಂದು ಹೂಡುವ ಅಣಕು ವಿಚಾರಣೆಯ ಮೊದಲ ಭಾಗದಲ್ಲಿ ಧಾರಾಳವಾಗಿ ನಗಬಹುದು. ಆ ಆಟವೇ ಮುಂದೆ ಆರೋಪಿಯಾಗಿ ನಿಂತ ಬೇಣಾರೆಬಾಯಿಯ ಕೊರಳಿಗೆ ಸುತ್ತಿಕೊಳ್ಳುತ್ತದೆ. ನಗುವಷ್ಟನ್ನು ಮಾತ್ರ ಕತ್ತರಿಸಿ ತಂದರೆ ನಾಟಕಕಾರರಿಗೆ ಮಾಡಿದ ದ್ರೋಹ. ಜರ್ಮನಿಯ ಕ್ಲೈಸ್ಟ್ ಬರೆದ ‘ಒಡೆದ ಹೂಜಿ’ಯಲ್ಲಿ ಅಪರಾಧಿ ಸ್ವತಃ ನ್ಯಾಯಾಧೀಶನೇ. ಹೂಜಿ ಒಡೆದವನು ಯಾರೆಂದು ತಾನೇ ವಿಚಾರಣೆ ನಡೆಸಬೇಕಾದ ಆ ಆಡಮ್‌ನ ಪಾತ್ರಕ್ಕೆ ಪಳಗಿದ ನಟ ಬೇಕು. 1808ರಲ್ಲಿ ವೈಮರ್‌ನಲ್ಲಿ ಗಯಟೆ ಆಡಿಸಿದಾಗಲೇ ಅದು ನೆಲಕಚ್ಚಿತ್ತು. ಒಂದೇ ಅಂಕದ ನಾಟಕವನ್ನು ಅವನು ಮೂರಾಗಿ ಒಡೆದಿದ್ದ.

ನನಗೆ ನಿಜಕ್ಕೂ ಕಷ್ಟವಾದದ್ದು ಶೂದ್ರಕನ ‘ಮೃಚ್ಛಕಟಿಕ’ದ ಒಂಬತ್ತನೆಯ ಅಂಕವನ್ನು ಬಿಡುವುದು. ರಾಜನ ಮೈದುನ ಶಕಾರ, ತಾನೇ ಕೊಂದೆನೆಂದುಕೊಂಡ ವಸಂತಸೇನೆಯ ಸಾವನ್ನು ಚಾರುದತ್ತನ ತಲೆಗೆ ಕಟ್ಟಲು ಬಂದು, ತನ್ನ ದೂರನ್ನು ಇಂದೇ ವಿಚಾರಿಸದಿದ್ದರೆ ಭಾವನಿಗೆ ಹೇಳಿ ನ್ಯಾಯಾಧಿಕಾರಿಯನ್ನೇ ಬದಲಿಸುತ್ತೇನೆ ಎಂದು ಗದರಿಸುತ್ತಾನೆ. ಇಂದು ಆಗದು ಎಂದವರು ಒಡನೆ ಆಗಲಿ ಎನ್ನುತ್ತಾರೆ! ಕೊಲೆಯ ವರದಿ ಒಪ್ಪಿಸುತ್ತಲೇ ಶಕಾರ ‘ನನ್ನಿಂದಲ್ಲ’ ಎಂದು ಬಾಯಿತಪ್ಪಿ ಆಡುತ್ತಾನೆ. ಕಲಾಪ ಬರೆಯುವ ಕಾಯಸ್ಥ ಅದನ್ನು ಬರೆದುಕೊಂಡದ್ದು ಕಂಡು ಕಾಲಿನಿಂದ ಒರೆಸಿಬಿಡುತ್ತಾನೆ. ಸಪ್ಪೆ ಓದಿನಲ್ಲೂ ನಗು ಉಕ್ಕಿತು. ಮುಂದೆ ಚಾರುದತ್ತನ ಗೆಳೆಯ, ವಿದೂಷಕ ಮೈತ್ರೇಯನ ಕಂಕುಳಿನಿಂದ ವಸಂತಸೇನೆಯ ಒಡವೆ ಸಭೆಯ ನಡುವೆ ಜಾರಿ ಬೀಳುತ್ತದೆ. ವಿದೂಷಕನ ಜಗಳಕ್ಕೆ ನಗುತ್ತಿದ್ದವರು ಅಲ್ಲೇ ತಣ್ಣಗಾಗುತ್ತಾರೆ, ಚಾರುದತ್ತನಿಗೆ ಮರಣದಂಡನೆ. ಆ ತಿರುವನ್ನು ಹೊರಲು ಒಬ್ಬ ಚಾರುದತ್ತ ಬೇಕು, ನಮ್ಮಲ್ಲಿ ಇನ್ನೂ ಇಲ್ಲ.

ಅನುಮತಿಯ ವಿಷಯ ಚಿಕ್ಕದಾಗಿ: ನಮ್ಮಲ್ಲಿ ಕೃತಿಸ್ವಾಮ್ಯ ಲೇಖಕರ ಮರಣಾನಂತರ 60 ವರ್ಷ ಇರುತ್ತದೆ. ಭಾರತೇಂದು ತೀರಿಕೊಂಡದ್ದು 1885ರಲ್ಲಿ, ಆದ್ದರಿಂದ ಹಿಂದಿ ಮೂಲದಿಂದ ನಾನೇ ಕನ್ನಡಕ್ಕೆ ತಂದುಕೊಂಡೆ. ಹಳೆಯ ನಾಟಕವಾದರೂ ಹೊಸ ಅನುವಾದಕ್ಕೆ ಅದರದೇ ಹಕ್ಕು ಇರುತ್ತದೆ. ಹವ್ಯಾಸಿ ಸಂಘ ಟಿಕೆಟ್ ಇಲ್ಲದೆ ಆಡಿದರೆ 1957ರ ಕಾಯ್ದೆಯ 52ನೆಯ ಸೆಕ್ಷನ್ ವಿನಾಯಿತಿ ಕೊಡುತ್ತದೆ ನಿಜ. ಆದರೂ ಅನುವಾದಕರಿಗೆ ಒಂದು ಫೋನ್ ಮಾಡುವುದು ಮರ್ಯಾದೆ.

ರಂಗದ ಮೇಲೆ ನ್ಯಾಯಾಧೀಶನನ್ನು ಹಿಂದಿನ ನಡುಮಧ್ಯದಲ್ಲಿ ಕೂರಿಸಬೇಡಿ. ಮಾತಾಡುವವರೆಲ್ಲ ಪ್ರೇಕ್ಷಕರಿಗೆ ಬೆನ್ನು ಹಾಕಬೇಕಾಗುತ್ತದೆ. ಪೀಠ ಒಂದು ಬದಿಗೆ ಓರೆಯಾಗಿ, ಕಟಕಟೆ ಎದುರು ಬದಿಗೆ ಮುಂದೆ. ಇಂದಿನ ಕಾಲದ ಕೋರ್ಟಾದರೆ ಮರದ ಸುತ್ತಿಗೆಯೂ ಬೇಡ. ನಮ್ಮ ನ್ಯಾಯಾಲಯಗಳಲ್ಲಿ ಅದು ಇಲ್ಲ, ಸಿನಿಮಾದವರು ತಂದು ಕುಟ್ಟಿದ್ದು. ಸೆಕ್ಷನ್ ಸಂಖ್ಯೆಯ ವಿಚಾರದಲ್ಲಿ ಮಾತ್ರ ನಾನು ಸಡಿಲ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದು ವಂಚನೆ 318ನೆಯ ಸೆಕ್ಷನ್‌ಗೆ ಸೇರಿದೆ. ಪ್ರೇಕ್ಷಕರಲ್ಲಿದ್ದ ವಕೀಲರೊಬ್ಬರು ನಾಟಕ ಮುಗಿದ ಮೇಲೆ ತಿದ್ದಿದರು. ‘ತ್ರೀ ಎಯ್ಟೀನ್’ ಎಂದರೆ ಯಾರು ನಗುತ್ತಾರೆ? ಫೋರ್‌ಟ್ವೆಂಟಿ ಫೋರ್‌ಟ್ವೆಂಟಿಯೇ.

ಮುಂದಿನ ಬಾರಿಗೆ ಆರಿಸಿರುವುದು ಹದಿನೈದನೆಯ ಶತಮಾನದ ಫ್ರೆಂಚ್ ಪ್ರಹಸನ ‘ಪಾತೆಲಾಂ’. ಕರ್ತೃ ಯಾರೆಂದು ಗೊತ್ತಿಲ್ಲ. ಬಟ್ಟೆ ವ್ಯಾಪಾರಿ ತನ್ನ ಕುರಿಗಳನ್ನು ಕೊಂದ ಕುರುಬನ ಮೇಲೆ ದಾವೆ ಹೂಡುತ್ತಾನೆ. ಕುರುಬನ ವಕೀಲ ನೋಡಿದರೆ, ಆ ವ್ಯಾಪಾರಿಯಿಂದಲೇ ಬಟ್ಟೆ ಸಾಲ ಪಡೆದು ದುಡ್ಡು ಕೊಡದ ಅದೇ ಪಾತೆಲಾಂ! ವ್ಯಾಪಾರಿಯ ಬಾಯಲ್ಲಿ ಬಟ್ಟೆಯೂ ಕುರಿಯೂ ಕಲಸಿಹೋಗುತ್ತವೆ, ಕುರಿಯ ವಿಷಯಕ್ಕೆ ಬನ್ನಿ ಎಂದು ನ್ಯಾಯಾಧೀಶ ಗೋಗರೆಯುತ್ತಾನೆ. ಕುರುಬ ಎಲ್ಲಕ್ಕೂ ‘ಬ್ಯಾ’ ಎಂದಷ್ಟೇ ಉತ್ತರಿಸಿ ಬಿಡುಗಡೆಯಾಗಿ, ಕೊನೆಗೆ ವಕೀಲ ಶುಲ್ಕ ಕೇಳಿದಾಗಲೂ ‘ಬ್ಯಾ’ ಎನ್ನುತ್ತಾನೆ. ಇಡೀ ನಾಟಕದ ಅತಿ ದೊಡ್ಡ ನಗು ಒಂದೇ ಅಕ್ಷರದ ಪಾತ್ರಕ್ಕೆ; ಸಭಾಕಂಪ ಇರುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶವಿಲ್ಲ. ಭಾರವೆಲ್ಲ ಬಟ್ಟೆ ವ್ಯಾಪಾರಿಯ ಮೇಲೆ. ‘ಬ್ಯಾ’ ಎನ್ನಲು ಆಗಲೇ ಹಲವರು ಹೆಸರು ಕೊಟ್ಟಿದ್ದಾರೆ, ವ್ಯಾಪಾರಿ ಇನ್ನೂ ಸಿಕ್ಕಿಲ್ಲ.