ಸೈಕ್ಲೋಪ್ರೊಪನಾಲ್: ಮಾಡುವುದು ಸುಲಭ, ಉಳಿಸಿಕೊಳ್ಳುವುದು ಕಷ್ಟ

ಮೂರು ಕಾರ್ಬನ್‌ಗಳ ಉಂಗುರದಲ್ಲಿ ಬಂಧಕೋನ 60 ಡಿಗ್ರಿ. ಕಾರ್ಬನ್‌ಗೆ ಹಿತವಾದದ್ದು 109.5. ಈ ಬಿಗಿತದಲ್ಲಿ ಮೋಲ್‌ಗೆ ಸುಮಾರು 115 ಕಿಲೋಜೂಲ್ ಶಕ್ತಿ ಅಡಗಿರುತ್ತದೆ. ಅದೇ ಉಂಗುರಕ್ಕೆ ಒಂದು ಓಎಚ್ (ಆಮ್ಲಜನಕ-ಹೈಡ್ರೋಜನ್ ಜೋಡಿ) ಅಂಟಿಸಿದರೆ ಅದು ಸೈಕ್ಲೋಪ್ರೊಪನಾಲ್. ಆಗ ಆಮ್ಲ, ಕ್ಷಾರ, ಗಾಳಿ ಯಾವುದು ತಾಗಿದರೂ ಬಿಚ್ಚಿಕೊಳ್ಳಲು ನೆಪ ಸಿಕ್ಕಂತೆ.

ಇದನ್ನು ಮಾಡಲು ನಾನು ಬಳಸುವುದು ಬೆಲಾರೂಸ್‌ನ ಮಿನ್ಸ್ಕ್‌ನ ರಸಾಯನಶಾಸ್ತ್ರಜ್ಞ ಕುಲಿಂಕೋವಿಚ್ 1989ರಲ್ಲಿ ಪ್ರಕಟಿಸಿದ ದಾರಿ: ಎಸ್ಟರ್, ಈಥೈಲ್ ಮೆಗ್ನೀಸಿಯಂ ಬ್ರೋಮೈಡ್ (ಇದೇ ಗ್ರಿನ್ಯಾರ್ಡ್ ಕಾರಕ), ಟೈಟೇನಿಯಂ ಐಸೊಪ್ರೊಪಾಕ್ಸೈಡ್. ಎರಡು ಈಥೈಲ್ ಗುಂಪುಗಳು ಟೈಟೇನಿಯಂ ಮೇಲೆ ಕೂರುತ್ತವೆ. ಒಂದು ಈಥೇನ್ ಆಗಿ ಹೊರಟರೆ, ಇನ್ನೊಂದರ ಎರಡು ಕಾರ್ಬನ್‌ಗಳೂ ಎಸ್ಟರ್‌ನ ಕಾರ್ಬೊನಿಲ್ (ಆಮ್ಲಜನಕಕ್ಕೆ ಜೋಡಿಬಂಧದಲ್ಲಿರುವ) ಕಾರ್ಬನ್‌ಗೆ ಸೇರಿ ಉಂಗುರವಾಗುತ್ತದೆ.

ಶುರುಮಾಡುವವರಿಗೆ ಮೀಥೈಲ್ 3-ಫಿನೈಲ್‌ಪ್ರೊಪನೋಯೇಟ್ ಎಂಬ ಎಸ್ಟರ್ ಒಳ್ಳೆಯದು. ಸಿಗುವ ಪದಾರ್ಥ ಸುಲಭಕ್ಕೆ ಆವಿಯಾಗುವುದಿಲ್ಲ, ಟಿಎಲ್‌ಸಿಯಲ್ಲಿ (ತೆಳುಪದರ ಕ್ರೊಮ್ಯಾಟೊಗ್ರಫಿ) ಯುವಿ ಬೆಳಕಿಗೂ ಕಾಣುತ್ತದೆ.

ಗ್ರಿನ್ಯಾರ್ಡ್ ಬಾಟಲಿಯ ಲೇಬಲ್ಲನ್ನು ನಂಬಬೇಡಿ. ಲಿಥಿಯಂ ಕ್ಲೋರೈಡ್ ಬೆರೆತ 5 ಮಿಲೀ ಒಣ ಟಿಎಚ್‌ಎಫ್ ದ್ರಾವಕದಲ್ಲಿ 254 ಮಿಲಿಗ್ರಾಂ ಅಯೋಡಿನ್ ಕರಗಿಸಿ, ಸೊನ್ನೆ ಡಿಗ್ರಿಯಲ್ಲಿ ಕಂದು ಬಣ್ಣ ಮಾಯವಾಗುವವರೆಗೆ ಗ್ರಿನ್ಯಾರ್ಡನ್ನು ಹನಿ ಹನಿಯಾಗಿ ಹಾಕಿ. ಲೇಬಲ್ಲಿನ 3 ಮೋಲಾರ್ (ಲೀಟರಿಗೆ 3 ಮೋಲ್) ನಿಜವಾದರೆ 0.33 ಮಿಲೀ ಸಾಕು. 0.40 ಹಿಡಿದರೆ ಅದು 2.5 ಮೋಲಾರ್. ಟೈಟೇನಿಯಂ ಐಸೊಪ್ರೊಪಾಕ್ಸೈಡ್‌ಗೆ ಬೇರೆಯದೇ ತಕರಾರು. ಅದು ಕರಗುವುದು 14ರಿಂದ 17 ಡಿಗ್ರಿಯ ನಡುವೆ, ಹಾಗಾಗಿ ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಬಾಟಲಿಯೊಳಗೆ ಗಟ್ಟಿಯಾಗಿ ಕೂತಿರಬಹುದು. ಕೆಟ್ಟಿತೆಂದು ಎಸೆಯಬೇಡಿ, ಉಗುರುಬೆಚ್ಚಗಿನ ನೀರಿನಲ್ಲಿಟ್ಟರೆ ಕರಗುತ್ತದೆ. ಮಳೆಗಾಲದಲ್ಲಿ ಗಾಳಿಯ ತೇವಕ್ಕೇ ಸೂಜಿಯ ತುದಿಯಲ್ಲಿ ಬಿಳಿ ಆಕ್ಸೈಡ್ ಕಟ್ಟಿಕೊಳ್ಳುತ್ತದೆ. ಕೆಲಸ ಮುಗಿದ ಕೂಡಲೇ ಸೂಜಿಯನ್ನು ಐಸೊಪ್ರೊಪನಾಲ್‌ನಲ್ಲಿ ತೊಳೆಯಿರಿ.

ರಾತ್ರಿಯಿಡೀ ಓವನ್‌ನಲ್ಲಿಟ್ಟ 250 ಮಿಲೀ ಫ್ಲಾಸ್ಕ್‌ನಲ್ಲಿ, ನೈಟ್ರೋಜನ್ ಅಡಿಯಲ್ಲಿ, ಎಸ್ಟರ್ 3.28 ಗ್ರಾಂ (20 ಮಿಲಿಮೋಲ್), ಒಣ ಈಥರ್ 60 ಮಿಲೀ, ಟೈಟೇನಿಯಂ ಐಸೊಪ್ರೊಪಾಕ್ಸೈಡ್ 1.2 ಮಿಲೀ. ಇದಕ್ಕೆ 3 ಮೋಲಾರ್ ಗ್ರಿನ್ಯಾರ್ಡ್ 16 ಮಿಲೀಯನ್ನು ಸಿರಿಂಜ್ ಪಂಪ್‌ನಲ್ಲಿ ಒಂದೂವರೆ ಗಂಟೆ ಹರಿಸಿ. ಅವಸರ ಮಾಡಿದರೆ ವೇಗವರ್ಧಕವಾದ ಟೈಟೇನಿಯಂ ಒಂದು ಸುತ್ತು ಮುಗಿಸಿ ಬರುವ ಮೊದಲೇ ಗ್ರಿನ್ಯಾರ್ಡ್ ನೇರವಾಗಿ ಎಸ್ಟರ್ ಮೇಲೆ ಬೀಳುತ್ತದೆ. ಆಗ ಸಿಗುವುದು ಎರಡು ಈಥೈಲ್ ಹೊತ್ತ ತೃತೀಯಕ ಆಲ್ಕೊಹಾಲ್. ಶುದ್ಧೀಕರಿಸುವ ಸಿಲಿಕಾ ಕಾಲಂನಲ್ಲಿ ಅದು ನಮ್ಮ ಪದಾರ್ಥದ ಬೆನ್ನಿಗೇ ಬರುವುದರಿಂದ ಬೇರ್ಪಡಿಸುವುದು ತಲೆನೋವು.

ಉಷ್ಣತೆ 18–20 ಡಿಗ್ರಿ ಇರಲಿ. ಬೆಂಗಳೂರಿನಲ್ಲಿ ನಾವು 900 ಮೀಟರ್ ಎತ್ತರದಲ್ಲಿದ್ದೇವೆ. ಈಥರ್ 34.6ಕ್ಕಲ್ಲ, 32ರ ಹತ್ತಿರವೇ ಕುದಿಯುತ್ತದೆ, ಏಪ್ರಿಲ್ ಮಧ್ಯಾಹ್ನ ಲ್ಯಾಬ್ ಅದನ್ನು ದಾಟಿರುತ್ತದೆ. ನೀರಿನ ತೊಟ್ಟಿಗೆ ಆಗಾಗ ಐಸ್ ತುಂಡು ಹಾಕುತ್ತಿರಬೇಕು. ಬಣ್ಣ ಹಳದಿಯಿಂದ ಕಂದಿಗೆ, ಆಮೇಲೆ ಕಪ್ಪಿಗೆ ತಿರುಗಿದರೆ ಸರಿ ನಡೆಯುತ್ತಿದೆ ಎಂದರ್ಥ. ಈ ಅಳತೆಗೆ ಅರ್ಧ ಲೀಟರಿಗೂ ಮೀರಿ ಈಥೇನ್ ಹೊರಬರುತ್ತದೆ, ಫ್ಲಾಸ್ಕ್ ಎಂದೂ ಮುಚ್ಚಿರಬಾರದು. ಅನಿಲ ಹೊರಬಿಡುವ ಬಬ್ಲರ್‌ನ ಕೊಳವೆ ಫ್ಯೂಮ್ ಹುಡ್ ಒಳಗೇ ಇರಲಿ.

ಗ್ರಿನ್ಯಾರ್ಡ್ ಹರಿಸಿ ಮುಗಿದ ಒಂದು ಗಂಟೆಯ ನಂತರ ಟಿಎಲ್‌ಸಿಯಲ್ಲಿ ಎಸ್ಟರ್ ಇಲ್ಲವೆಂದಾದರೆ 5 ಡಿಗ್ರಿಗೆ ತಣಿಸಿ, ಐಸಿನಲ್ಲಿಟ್ಟ ಶೇ 5ರ ಸಲ್ಫ್ಯೂರಿಕ್ ಆಮ್ಲ 100 ಮಿಲೀ ನಿಧಾನವಾಗಿ ಸುರಿಯಿರಿ. ಆಮ್ಲದ ಬದಲು ಅಮೋನಿಯಂ ಕ್ಲೋರೈಡ್ ಹಾಕಿದರೆ ಟೈಟೇನಿಯಂ ರಾಗಿ ಗಂಜಿಯಂತೆ ಗಟ್ಟಿಕಟ್ಟಿ ಪದರಗಳು ಬೇರೆಯಾಗುವುದೇ ಇಲ್ಲ. ಆಮ್ಲದ ಜೊತೆ ಹದಿನೈದು ನಿಮಿಷಕ್ಕಿಂತ ಹೆಚ್ಚು ಬಿಡಬೇಡಿ. ಈಥರ್ ಪದರವನ್ನು ಬೈಕಾರ್ಬೊನೇಟ್, ಉಪ್ಪುನೀರಿನಲ್ಲಿ ತೊಳೆದು, ಸೋಡಿಯಂ ಸಲ್ಫೇಟ್‌ನಲ್ಲಿ ಒಣಗಿಸಿ, 30 ಡಿಗ್ರಿ ಮೀರದ ಬಾತ್‌ನಲ್ಲಿ ರೋಟಾವ್ಯಾಪ್ ಮಾಡಿ ಈಥರ್ ಆವಿಯಾಗಿಸಿ.

ಬಹಳ ಜನ ಸೋಲುವುದು ಇದಾದ ಮೇಲೆಯೇ, ಕಾಲಂನಲ್ಲಿ. ಬರಿಯ ಸಿಲಿಕಾದ ಆಮ್ಲಕ್ಕೆ ಉಂಗುರ ಬಿಚ್ಚಿ ಈಥೈಲ್ ಕೀಟೋನ್ ಆಗುತ್ತದೆ. ಸಿಲಿಕಾವನ್ನು ಹೆಕ್ಸೇನ್‌ನಲ್ಲಿ ಶೇ 1 ಟ್ರೈಈಥೈಲ್‌ಅಮೀನ್ ಹಾಕಿ ನೆನೆಸಿ, ಶೇ 10–15 ಈಥೈಲ್ ಅಸಿಟೇಟ್‌ನಲ್ಲಿ ಬೇಗ ಬೇಗ ಇಳಿಸಿಬಿಡಿ. ನನಗೆ ಸಿಗುವುದು 2.4 ಗ್ರಾಂ ಆಸುಪಾಸು, ಎಂದರೆ ಶೇ 74.

ಪ್ರೋಟಾನ್ ಎನ್‌ಎಂಆರ್‌ನಲ್ಲಿ (ಹೈಡ್ರೋಜನ್‌ಗಳ ನೆಲೆ ತೋರುವ ರೋಹಿತ) 0.5 ಮತ್ತು 0.75 ಪಿಪಿಎಂ ಬಳಿ ಎರಡೆರಡು ಹೈಡ್ರೋಜನ್‌ಗಳ ಗುಂಪು ಕಂಡರೆ ಉಂಗುರ ಮುರಿಯದೆ ಉಳಿದಿದೆ. 1.05ರಲ್ಲಿ ತ್ರಿಪಾಳಿ (ಮೂರಾಗಿ ಸೀಳಿದ ಗೆರೆ), 2.4ರಲ್ಲಿ ಚೌಪಾಳಿ (ನಾಲ್ಕಾಗಿ ಸೀಳಿದ ಗೆರೆ) ಬಂದರೆ ಅದು ಕೀಟೋನ್. ಆದರೆ ಕೀಟೋನ್ ಕಂಡ ಮಾತ್ರಕ್ಕೆ ಕಾಲಂ ಮೇಲೆ ತಪ್ಪು ಹೊರಿಸಬೇಡಿ. ಎನ್‌ಎಂಆರ್‌ಗೆ ಬಳಸುವ ಹಳೆಯ ಕ್ಲೋರೋಫಾರ್ಮ್-ಡಿ ದ್ರಾವಕದ ಒಳಗಿನ ಆಮ್ಲವೇ ಟ್ಯೂಬಿನಲ್ಲಿ ಉಂಗುರ ಬಿಚ್ಚಿರಬಹುದು. ಬೇಸಿಕ್ ಅಲ್ಯುಮಿನಾ ಮೂಲಕ ಸೋಸಿದ ದ್ರಾವಕದಲ್ಲಿ ಇನ್ನೊಮ್ಮೆ ತೆಗೆದು ನೋಡಿ.

ಇಡುವುದು ನೈಟ್ರೋಜನ್ ಅಡಿಯಲ್ಲಿ, ಮೈನಸ್ 20ರಲ್ಲಿ. ಕಬ್ಬಿಣ, ಮ್ಯಾಂಗನೀಸ್‌ನ ಸೋಂಕಿದ್ದರೆ ಗಾಳಿಯ ಆಮ್ಲಜನಕ ಪೆರಾಕ್ಸೈಡ್ ಕಟ್ಟುತ್ತದೆ, ಆದ್ದರಿಂದ ಸ್ಟೀಲ್ ಸ್ಪ್ಯಾಚುಲಾ ಬಿಟ್ಟು ಗಾಜಿನ ಪಿಪೆಟ್‌ನಿಂದಲೇ ತೆಗೆಯಿರಿ.