ರೋಟರಿ ಕ್ಲಬ್ಬಿನ ವಾರದ ಸಭೆಗೆ ಹೋಗುವುದು, ಅಲ್ಲಿ ಮಾತಾಡುವುದು: ಹೊಸಬರಿಗೆ ಮಾರ್ಗದರ್ಶಿ

ಅಮೆರಿಕದ ಊರೊಂದಕ್ಕೆ ಹೊಸದಾಗಿ ಬಂದ ಕುಟುಂಬಕ್ಕೆ ಆಫೀಸು, ಮಕ್ಕಳ ಶಾಲೆ, ಇಂಡಿಯನ್ ಸ್ಟೋರು, ಕನ್ನಡ ಸಂಘ ಇಷ್ಟೇ ಪ್ರಪಂಚವಾಗಿಬಿಡುತ್ತದೆ. ವರ್ಷಗಟ್ಟಲೆ ಇದ್ದರೂ ಊರಿನ ಲೈಬ್ರರಿ ನಡೆಸುವವರು ಯಾರು, ಶಾಲಾ ಮಂಡಳಿಯಲ್ಲಿ ಯಾರಿದ್ದಾರೆ, ಫೈರ್ ಚೀಫ್ ಯಾರು ಎಂಬುದು ತಿಳಿದಿರುವುದಿಲ್ಲ. ಇಂಥವರಲ್ಲಿ ಹಲವರು ಒಂದೇ ಕೋಣೆಯಲ್ಲಿ, ಒಂದೇ ಗಂಟೆಯಲ್ಲಿ ಸಿಗುವ ಜಾಗ, ಊರಿನ ವ್ಯಾಪಾರಿಗಳು, ವೃತ್ತಿಯವರು ಸಮಾಜಸೇವೆಗಾಗಿ ಕಟ್ಟಿಕೊಂಡ ರೋಟರಿ ಕ್ಲಬ್ಬಿನ ವಾರದ ಸಭೆ. ಅತಿಥಿಗಳಾಗಿ ಹೋಗಲು ಸದಸ್ಯತ್ವ ಬೇಕಿಲ್ಲ. ಹೆಚ್ಚಿನ ಸಭೆಗಳಲ್ಲಿ ಹೊರಗಿನವರೊಬ್ಬರ ಮಾತು ಇದ್ದೇ ಇರುತ್ತದೆ, ಆ ಹೊರಗಿನವರು ನೀವೂ ಆಗಬಹುದು. ಮೊದಲು ಎರಡು ಮೂರು ಸಲ ಸುಮ್ಮನೆ ಅತಿಥಿಯಾಗಿ ಹೋಗಿ ಕೂತು ಬನ್ನಿ, ಆಮೇಲೆ ಮಾತಾಡಲು ದಿನ ಕೇಳಿ. ಈ ಕ್ರಮ ತಿರುಗುಮುರುಗಾದರೆ ಕೆಲಸ ಕೆಡುತ್ತದೆ.

ಮೊದಲ ಸಲ ಹೋಗುವ ಮುಂಚೆ

ರೋಟರಿಯ ವೆಬ್‌ಸೈಟಿನಲ್ಲಿ ಊರಿನ ಹೆಸರು ಹಾಕಿದರೆ ಹತ್ತಿರದ ಕ್ಲಬ್ಬುಗಳು, ಅವು ಸೇರುವ ವಾರ, ಹೊತ್ತು, ಜಾಗ ಸಿಗುತ್ತವೆ. ಅಷ್ಟನ್ನೇ ನಂಬಿ ಹೊರಡಬೇಡಿ. ಕ್ಲಬ್ಬುಗಳು ಸಾಮಾನ್ಯವಾಗಿ ರೆಸ್ಟೋರೆಂಟಿನ ಹಿಂದಿನ ಕೋಣೆ, ಚರ್ಚಿನ ಹಾಲ್ ಅಥವಾ ಗಾಲ್ಫ್ ಕ್ಲಬ್ಬಿನಲ್ಲಿ ಸೇರುತ್ತವೆ. ಜಾಗ ಬದಲಾದದ್ದು ವೆಬ್‌ಸೈಟಿಗೆ ತಡವಾಗಿ ಏರುತ್ತದೆ. ಜೊತೆಗೆ, 2016ರಿಂದ ನಿಯಮ ಸಡಿಲವಾಗಿ ಕ್ಲಬ್ಬು ತಿಂಗಳಿಗೆ ಎರಡು ಸಲ ಸೇರಿದರೂ ಸಾಕಾಗಿದೆ. ಹಾಗಾಗಿ 'ಮಂಗಳವಾರ' ಎಂದು ಬರೆದಿದ್ದರೆ ಅದು ಒಂದನೇ ಮತ್ತು ಮೂರನೇ ಮಂಗಳವಾರ ಮಾತ್ರ ಇರಬಹುದು. ಮೂರು ನಾಲ್ಕು ದಿನ ಮುಂಚೆ ಕಾರ್ಯದರ್ಶಿಗೆ ಮೇಲ್ ಹಾಕಿ: ನಿಮ್ಮ ಹೆಸರು, ಎಷ್ಟು ಜನ ಬರುತ್ತೀರಿ, ಸಸ್ಯಾಹಾರ ಬೇಕೇ. ಊಟದ ತಟ್ಟೆಗಳ ಲೆಕ್ಕವನ್ನು ಕ್ಲಬ್ಬು ಒಂದೆರಡು ದಿನ ಮೊದಲೇ ಹೋಟೆಲಿಗೆ ಕೊಟ್ಟಿರುತ್ತದೆ. ಹೇಳಿ ಬರದೇ ಇದ್ದರೆ ಆ ತಟ್ಟೆಯ ದುಡ್ಡು ಕ್ಲಬ್ಬಿನ ಮೈಮೇಲೆ ಬರುತ್ತದೆ, ಹೇಳದೆ ನಾಲ್ಕು ಜನ ಹೋದರೆ ಊಟ ಸಾಲುವುದಿಲ್ಲ.

ಊಟದ ಖರ್ಚು ಸಾಮಾನ್ಯವಾಗಿ ತಲೆಗೆ 15ರಿಂದ 25 ಡಾಲರ್. ಸದಸ್ಯರೊಬ್ಬರು ಕರೆದುಕೊಂಡು ಹೋದರೆ ಮೊದಲ ಸಲ ಅವರೇ ಕೊಡುವುದುಂಟು. ಆದರೂ ಕೈಯಲ್ಲಿ ನಗದು ಇರಲಿ, ಒಂದು ಡಾಲರಿನ ನಾಲ್ಕೈದು ನೋಟುಗಳೂ ಇರಲಿ. ಅವು ಯಾಕೆಂದು ಮುಂದೆ ಹೇಳುತ್ತೇವೆ.

ಸಸ್ಯಾಹಾರಿಗಳು ಗಮನವಿಡಬೇಕಾದ ವಿಷಯ: 'ವೆಜಿಟೇರಿಯನ್' ಎಂದರೆ ಅಡುಗೆಯವರು ಮಾಂಸದ ತುಂಡು ತೆಗೆದಿಟ್ಟುಬಿಡುವುದೂ ಉಂಟು. ತರಕಾರಿ ಸೂಪು ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದಿರಬಹುದು, ಅನ್ನವೂ ಅದರಲ್ಲೇ ಬೆಂದಿರಬಹುದು, ಬೀನ್ಸಿನಲ್ಲಿ ಹಂದಿ ಮಾಂಸದ ಚೂರು ಇರಬಹುದು. ಮೇಲ್‌ನಲ್ಲೇ 'ಮಾಂಸ, ಮೀನು, ಮಾಂಸದ ಸ್ಟಾಕ್ ಯಾವುದೂ ಬೇಡ' ಎಂದು ಬಿಡಿಸಿ ಬರೆಯಿರಿ. ಕಟ್ಟುನಿಟ್ಟಿನವರು ಮನೆಯಲ್ಲೇ ಊಟ ಮುಗಿಸಿ ಹೋಗಿ ಕಾಫಿ ಮಾತ್ರ ತೆಗೆದುಕೊಳ್ಳಬಹುದು. ಅದಕ್ಕೆ ಕಡಿಮೆ ದರ ಇಟ್ಟಿರುವ ಕ್ಲಬ್ಬುಗಳು ಬಹಳ, ಯಾರೂ ತಪ್ಪು ತಿಳಿಯುವುದಿಲ್ಲ.

ಊರಿನಿಂದ ಬಂದಿರುವ ಅಪ್ಪ ಅಮ್ಮನನ್ನೂ ಕರೆದುಕೊಂಡು ಹೋಗಬಹುದು. ಮುಂಚೆ ತಿಳಿಸಬೇಕು, ಅಷ್ಟೇ. ಅವರಲ್ಲಿ ಯಾರಾದರೂ ಹುಬ್ಬಳ್ಳಿ, ಮೈಸೂರು, ಶಿವಮೊಗ್ಗದ ಕಡೆ ರೋಟರಿಯಲ್ಲಿರುವವರಾದರೆ ಅವರದ್ದು ಅತಿಥಿಯ ಸ್ಥಾನವಲ್ಲ, 'ವಿಸಿಟಿಂಗ್ ರೊಟೇರಿಯನ್' (ಬೇರೆ ಕ್ಲಬ್ಬಿನಿಂದ ಬಂದ ಸದಸ್ಯ) ಸ್ಥಾನ. ಅಂಥವರು ಊರು ಬಿಡುವಾಗಲೇ ತಮ್ಮ ಕ್ಲಬ್ಬಿನ ಪುಟ್ಟ ಬಾವುಟ ತಂದರೆ ಇಲ್ಲಿನ ಅಧ್ಯಕ್ಷರ ಜೊತೆ ಬಾವುಟ ವಿನಿಮಯ ಮಾಡಿಕೊಳ್ಳಬಹುದು. ಇದು ರೋಟರಿಯ ಹಳೆಯ ಪದ್ಧತಿ, ಇಲ್ಲಿನವರಿಗೆ ಬಹಳ ಇಷ್ಟ. ಅಲ್ಲಿ ಸದಸ್ಯರಾಗಿದ್ದು ಇಲ್ಲಿಗೇ ನೆಲೆಸಲು ಬಂದವರು ಸದಸ್ಯತ್ವದ ಸಂಖ್ಯೆಯನ್ನೂ, ಬಾಕಿ ಏನೂ ಇಲ್ಲವೆಂಬ ಪತ್ರವನ್ನೂ ತಂದರೆ ಇಲ್ಲಿ ಸೇರುವುದು ಸಲೀಸು.

ಆ ಒಂದು ಗಂಟೆಯಲ್ಲಿ ಏನೇನಾಗುತ್ತದೆ

ಸಭೆ 12 ಗಂಟೆಗೆ ಎಂದರೆ ನೀವು 11:45ಕ್ಕೆ ಬಾಗಿಲಲ್ಲಿರಬೇಕು. ಹೆಸರು ಬರೆದು, ಚೀಟಿ ಅಂಟಿಸಿಕೊಂಡು, ದುಡ್ಡು ಕಟ್ಟಿ, ತಟ್ಟೆ ಹಿಡಿದು ಕೂರುವ ಹೊತ್ತು ಅದು. ನಿಜವಾದ ಪರಿಚಯಗಳು ಆಗುವುದೂ ಆ ಹದಿನೈದು ನಿಮಿಷದಲ್ಲೇ, ಏಕೆಂದರೆ ಸಭೆ ಮುಗಿದ ಕೂಡಲೇ ಎಲ್ಲರೂ ಕೆಲಸಕ್ಕೆ ಓಡುತ್ತಾರೆ. ಖಾಲಿ ಮೇಜು ಹುಡುಕಿ ನಮ್ಮವರೇ ಒಟ್ಟಿಗೆ ಕೂರಬೇಡಿ. ಗಂಡ ಹೆಂಡತಿ ಬೇರೆ ಬೇರೆ ಮೇಜಿನಲ್ಲಿ ಕೂತರೆ ಇನ್ನೂ ಒಳ್ಳೆಯದು.

ಅಧ್ಯಕ್ಷರು ಗಂಟೆ ಬಾರಿಸಿದಾಗ ಸಭೆ ಶುರು. ಮೊದಲು ಅಮೆರಿಕದ ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ. ಇಲ್ಲಿನ ಪ್ರಜೆಗಳಲ್ಲದವರು ಎದ್ದು ಗೌರವದಿಂದ ನಿಂತರೆ ಸಾಕು, ಎದೆಯ ಮೇಲೆ ಕೈ ಇಡಬೇಕಿಲ್ಲ, ಹೇಳಬೇಕಿಲ್ಲ. ಕೆಲವು ಕಡೆ ಚಿಕ್ಕ ಪ್ರಾರ್ಥನೆ ಅಥವಾ ಹಾಡು ಇರುತ್ತದೆ. ಆಮೇಲೆ ಅತಿಥಿಗಳ ಪರಿಚಯ. ನಿಮ್ಮ ಸರದಿ ಬಂದಾಗ ಎದ್ದು ಹೆಸರು, ಇಲ್ಲಿ ಮಾಡುವ ಕೆಲಸ, ಎಲ್ಲಿಂದ ಬಂದಿರಿ ಎಂಬುದನ್ನು ಹದಿನೈದು ಸೆಕೆಂಡಿನಲ್ಲಿ ಮುಗಿಸಿ. 'ಕರ್ನಾಟಕ' ಎಂದಷ್ಟೇ ಹೇಳಿದರೆ ಹಲವರಿಗೆ ಗುರುತು ಸಿಗದು. ದಕ್ಷಿಣ ಭಾರತದ ರಾಜ್ಯ, ಬೆಂಗಳೂರು ಅದರ ರಾಜಧಾನಿ, ನಮ್ಮ ಭಾಷೆ ಕನ್ನಡ ಎಂದು ಒಂದೇ ವಾಕ್ಯ ಸಿದ್ಧವಿಟ್ಟುಕೊಳ್ಳಿ.

ಇನ್ನು ಆ ಒಂದು ಡಾಲರಿನ ನೋಟುಗಳು. 'ಹ್ಯಾಪಿ ಡಾಲರ್' ಎಂದು ಡಬ್ಬಿ ಹಿಡಿದು ಬರುತ್ತಾರೆ. ಒಂದು ಡಾಲರ್ ಹಾಕಿ ತಮ್ಮ ಮನೆಯ ಒಂದು ಸಂತೋಷವನ್ನು ಒಂದು ವಾಕ್ಯದಲ್ಲಿ ಹೇಳುವುದು ಪದ್ಧತಿ. ಮಗಳ ಪರೀಕ್ಷೆ, ಮೊದಲ ಹಿಮ ಕಂಡದ್ದು, ಯಾವುದಾದರೂ ಸರಿ. ಅತಿಥಿಗಳಿಗೆ ಇದು ಕಡ್ಡಾಯವಲ್ಲ, ಆದರೆ ಎರಡನೇ ಸಲ ಹೋದಾಗ ಹಾಕಿ ನೋಡಿ. ಜನ ನಿಮ್ಮನ್ನು ನೆನಪಿಟ್ಟುಕೊಳ್ಳುವುದು ಆ ಒಂದು ವಾಕ್ಯದಿಂದ. ಕೆಲವು ಕಡೆ ರಾಫಲ್ ಟಿಕೆಟ್ಟೂ ಇರುತ್ತದೆ: ಕೂಡಿದ ಹಣದಲ್ಲಿ ಅರ್ಧ ಗೆದ್ದವರಿಗೆ, ಅರ್ಧ ಕ್ಲಬ್ಬಿನ ಸೇವಾಕಾರ್ಯಕ್ಕೆ. 'ಸಾರ್ಜೆಂಟ್ ಅಟ್ ಆರ್ಮ್ಸ್' ಎಂಬ ಪದಾಧಿಕಾರಿ ಸದಸ್ಯರಿಗೆ ಸಣ್ಣ ದಂಡ ಹಾಕುವುದನ್ನು ಕಂಡು ಗಾಬರಿಯಾಗಬೇಡಿ, ಅದು ದೇಣಿಗೆ ಎತ್ತುವ ಒಂದು ಆಟ.

ಪ್ರಕಟಣೆಗಳು ಮುಗಿದ ಮೇಲೆ, ಸುಮಾರು 12:30ಕ್ಕೆ, ಅತಿಥಿ ಭಾಷಣ. ಕೊನೆಗೆ ಅನೇಕ ಕ್ಲಬ್ಬುಗಳಲ್ಲಿ ಎಲ್ಲರೂ ಎದ್ದು 'ಫೋರ್ ವೇ ಟೆಸ್ಟ್' ಹೇಳುತ್ತಾರೆ. ಇದು ಸತ್ಯವೇ? ಸಂಬಂಧಪಟ್ಟ ಎಲ್ಲರಿಗೂ ನ್ಯಾಯವೇ? ಸದ್ಭಾವನೆ, ಸ್ನೇಹ ಬೆಳೆಸುವುದೇ? ಎಲ್ಲರಿಗೂ ಹಿತವೇ? ಈ ನಾಲ್ಕು ಪ್ರಶ್ನೆಗಳನ್ನು 1932ರಲ್ಲಿ ಹರ್ಬರ್ಟ್ ಟೇಲರ್ ಎಂಬ ವ್ಯಾಪಾರಿ ತಮ್ಮ ಕಂಪನಿಗಾಗಿ ಬರೆದದ್ದು, ರೋಟರಿ 1943ರಲ್ಲಿ ತನ್ನದಾಗಿಸಿಕೊಂಡಿತು. ಒಂದು ಗಂಟೆಗೆ ಮತ್ತೆ ಗಂಟೆ, ಸಭೆ ಮುಗಿಯಿತು.

ನಮ್ಮ ಸಭೆಗಳ ರೂಢಿಯಲ್ಲಿ ಬೆಳೆದವರಿಗೆ ಇಲ್ಲಿ ಕೈ ಕಟ್ಟಿದಂತಾಗುತ್ತದೆ. ಪ್ರಾಸ್ತಾವಿಕ ನುಡಿ ಇಲ್ಲ, ಅಧ್ಯಕ್ಷೀಯ ಭಾಷಣ ಇಲ್ಲ, ಉದ್ದದ ವಂದನಾರ್ಪಣೆ ಇಲ್ಲ. ಶಾಲು, ಹಾರ, ಮೈಸೂರು ಪೇಟ ಹಿಡಿದು ಹೋಗಿ ಅಧ್ಯಕ್ಷರನ್ನು ಸನ್ಮಾನಿಸಬೇಕೆಂಬ ಪ್ರೀತಿ ನಮ್ಮವರಲ್ಲಿ ಬಹಳ. ಆದರೆ ಅದಕ್ಕೆ ಹಿಡಿಯುವ ಐದು ನಿಮಿಷ ಭಾಷಣಕಾರರ ಪಾಲಿನದು. ಕೊಡಲೇಬೇಕೆನಿಸಿದರೆ ಕೊನೆಯ ಗಂಟೆ ಹೊಡೆದ ಮೇಲೆ ಒಂದು ಚನ್ನಪಟ್ಟಣದ ಬೊಂಬೆ ಕೈಗಿಡಿ.

ಭಾಷಣಕ್ಕೆ ದಿನ ಕೇಳುವುದು

ಕೇಳಬೇಕಾದದ್ದು ಅಧ್ಯಕ್ಷರನ್ನಲ್ಲ, 'ಪ್ರೋಗ್ರಾಂ ಚೇರ್' ಎಂಬವರನ್ನು. ಪ್ರತಿ ವಾರಕ್ಕೂ ಒಬ್ಬ ಭಾಷಣಕಾರರನ್ನು ಹುಡುಕುವ ಹೊಣೆ ಅವರದು, ಅದು ಸುಲಭದ ಕೆಲಸವಲ್ಲ. ಆದ್ದರಿಂದ ಸರಿಯಾಗಿ ಕೇಳಿದವರಿಗೆ ಇಲ್ಲ ಎನ್ನುವುದು ಅಪರೂಪ. ರೋಟರಿಯ ವರ್ಷ ಜುಲೈ 1ರಿಂದ ಜೂನ್ 30ರವರೆಗೆ. ಹೊಸ ತಂಡ ಪಟ್ಟಿ ತಯಾರಿಸುವುದು ಮೇ, ಜೂನ್‌ನಲ್ಲಿ, ಬರೆಯಲು ಅದೇ ಒಳ್ಳೆಯ ಕಾಲ. ಉಳಿದ ಹೊತ್ತಿನಲ್ಲಿ ಎರಡು ಮೂರು ತಿಂಗಳು ಮುಂಚೆ ಕೇಳಬೇಕು. ನವೆಂಬರ್ ಒಂದರ ವಾರವೇ ಬೇಕೆಂದು ಪಟ್ಟು ಹಿಡಿಯಬೇಡಿ, ಮೂರು ನಾಲ್ಕು ದಿನಾಂಕ ಕೊಡಿ. ಥ್ಯಾಂಕ್ಸ್‌ಗಿವಿಂಗ್ ಮತ್ತು ಕ್ರಿಸ್‌ಮಸ್ ವಾರಗಳಲ್ಲಿ ಹಲವು ಕ್ಲಬ್ಬುಗಳಿಗೆ ರಜೆ. 'ಯಾರಾದರೂ ಕೊನೇ ಗಳಿಗೆಯಲ್ಲಿ ಬರದಿದ್ದರೆ ಎರಡು ದಿನದ ಸೂಚನೆಯಲ್ಲಿ ನಾನು ಬರಬಲ್ಲೆ' ಎಂದು ಒಂದು ಸಾಲು ಸೇರಿಸಿ. ಆ ಸಾಲಿಗೆ ದೊಡ್ಡ ಬೆಲೆಯಿದೆ.

ಮೇಲ್‌ನಲ್ಲಿ ಭಾಷಣದ ಹೆಸರು, ಮೂರು ಸಾಲಿನ ವಿವರ, 60ರಿಂದ 80 ಪದಗಳ ನಿಮ್ಮ ಪರಿಚಯ, ಒಂದು ಫೋಟೋ, ಬೇಕಾದ ಸಾಧನಗಳ ಪಟ್ಟಿ ಇರಲಿ. ಹೆಸರನ್ನು ಉಚ್ಚರಿಸುವುದು ಹೇಗೆಂದು ಇಂಗ್ಲಿಷಿನಲ್ಲಿ ಬಿಡಿಬಿಡಿಯಾಗಿ ಬರೆದುಕೊಡಿ. ಪರಿಚಯಿಸುವವರು ನಿಮ್ಮ ಹೆಸರಿನಲ್ಲಿ ತಡವರಿಸಿದರೆ ಅವರಿಗೇ ಹೆಚ್ಚು ಸಂಕೋಚ.

ಹೇಳಬಾರದ ವಿಷಯಗಳು ಸ್ಪಷ್ಟ: ಪಕ್ಷ ರಾಜಕೀಯ (ಇಲ್ಲಿನದೂ, ನಮ್ಮೂರಿನದೂ), ಮತಪ್ರಚಾರ, ಸ್ವಂತ ವ್ಯಾಪಾರ. ಇನ್ಶೂರೆನ್ಸ್, ರಿಯಲ್ ಎಸ್ಟೇಟ್ ಮಾಡುವವರು ಮೇಜಿಂದ ಮೇಜಿಗೆ ಕಾರ್ಡು ಹಂಚುವುದೂ ಇದರಲ್ಲೇ ಸೇರಿತು. ಎಲ್ಲಕ್ಕಿಂತ ಹೆಚ್ಚಾಗಿ, ಮೊದಲ ಭಾಷಣದಲ್ಲೇ ಸಂಘದ ರಾಜ್ಯೋತ್ಸವಕ್ಕೆ ದೇಣಿಗೆ ಕೇಳಬಾರದು. ಕೇಳಿದ ಸಂಘವನ್ನು ಮತ್ತೆ ಕರೆಯುವುದಿಲ್ಲ.

ಯಾವ ವಿಷಯ, ಎಷ್ಟು ಹೊತ್ತು

'ಭಾರತೀಯ ಸಂಸ್ಕೃತಿ' ಎಂಬ ಹೆಸರಿನ ಭಾಷಣ ಬೇಡವೇ ಬೇಡ. ಇಪ್ಪತ್ತು ನಿಮಿಷಕ್ಕೆ ಒಂದೇ ವಸ್ತು, ಸಾಧ್ಯವಾದರೆ ಕೈಯಲ್ಲಿ ಹಿಡಿದು ತೋರಿಸುವಂಥದ್ದು. ಚನ್ನಪಟ್ಟಣದ ಬೊಂಬೆ ಇದಕ್ಕೆ ಹೇಳಿ ಮಾಡಿಸಿದಂತಿದೆ: ತಿರುಗುವ ಮರದ ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿದಾಗ ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಬ್ರಷ್ಷೇ ಬೇಕಿಲ್ಲ. ನಾಲ್ಕು ಬೊಂಬೆ ಮೇಜಿಂದ ಮೇಜಿಗೆ ಹೋಗುತ್ತಿರಲಿ, ಜನ ಪ್ರಶ್ನೆ ಕೇಳುತ್ತಲೇ ಇರುತ್ತಾರೆ. ಎಂಜಿನಿಯರುಗಳಿಗೆ ಶಿವನಸಮುದ್ರವಿದೆ: 1902ರಲ್ಲಿ ಅಲ್ಲಿಂದ ಕೋಲಾರದ ಚಿನ್ನದ ಗಣಿಗೆ 90 ಮೈಲಿಗೂ ಹೆಚ್ಚು ದೂರ ವಿದ್ಯುತ್ ಹರಿಯಿತು, ವಿದ್ಯುತ್ ಯಂತ್ರಗಳನ್ನು ಕೊಟ್ಟದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿ. ಕೇಳುವವರ ದೇಶಕ್ಕೂ ನಮ್ಮ ನಾಡಿಗೂ ನೇರ ಕೊಂಡಿಯಿರುವ ಇಂಥ ವಿಷಯ ಬೇಗ ಮನಸ್ಸಿಗೆ ಹತ್ತುತ್ತದೆ.

ವೈದ್ಯರಿದ್ದರೆ ಪೋಲಿಯೋ. ರೋಟರಿ 1985ರಿಂದ ಹೊತ್ತು ನಡೆದ ಕೆಲಸವದು. ಭಾರತದ ಕೊನೆಯ ಪ್ರಕರಣ 2011ರ ಜನವರಿ 13ರಂದು ಪಶ್ಚಿಮ ಬಂಗಾಳದ ಹೌರಾದಲ್ಲಿ ಕಂಡಿತು, 2014ರ ಮಾರ್ಚ್ 27ರಂದು ದೇಶ ಪೋಲಿಯೋಮುಕ್ತವೆಂದು ಪ್ರಮಾಣಪತ್ರ ಸಿಕ್ಕಿತು. ಪಲ್ಸ್ ಪೋಲಿಯೋ ಭಾನುವಾರಗಳಲ್ಲಿ ಬೂತಿನಲ್ಲಿ ಕೂತು ಮಕ್ಕಳ ಬೆರಳಿಗೆ ಶಾಯಿ ಹಚ್ಚಿದವರ ಬಾಯಿಂದ ಇದನ್ನು ಕೇಳಿದರೆ, ವರ್ಷಾನುಗಟ್ಟಲೆ ಇದಕ್ಕೇ ದೇಣಿಗೆ ಕೊಟ್ಟ ಸದಸ್ಯರಿಗೆ ತಮ್ಮ ದುಡ್ಡು ಎಲ್ಲಿ ಹೋಯಿತೆಂದು ಕಣ್ಣಿಗೆ ಕಾಣುತ್ತದೆ. ಅಕ್ಟೋಬರ್ 24 ವಿಶ್ವ ಪೋಲಿಯೋ ದಿನ, ಆ ವಾರಕ್ಕೆ ಕೇಳಿ ನೋಡಿ.

ಸಮಯದ ಲೆಕ್ಕ ಹೀಗಿರಲಿ. 20 ನಿಮಿಷ ಕೊಟ್ಟರೆ 15 ನಿಮಿಷ ಮಾತು, 5 ನಿಮಿಷ ಪ್ರಶ್ನೆ. ನಮ್ಮ ಉಚ್ಚಾರಣೆ ಅವರ ಕಿವಿಗೆ ಹೊಂದಲು ನಿಮಿಷಕ್ಕೆ 110 ಪದಗಳಿಗಿಂತ ವೇಗ ಬೇಡ, ಅಂದರೆ ಒಟ್ಟು 1,650 ಪದ. ಪ್ರಕಟಣೆಗಳು ಬೆಳೆದು ನಿಮ್ಮ ಪಾಲು 12 ನಿಮಿಷಕ್ಕಿಳಿಯುವುದು ಸಾಮಾನ್ಯ. ಹಾಗಾದಾಗ ಯಾವ ಭಾಗ ಬಿಡಬೇಕೆಂದು ಮೊದಲೇ ಕಾಗದದಲ್ಲಿ ಗುರುತು ಮಾಡಿಡಿ. ಓಡಿಸಿ ಓದಿ ಮುಗಿಸುವುದಕ್ಕಿಂತ ಒಂದು ಭಾಗ ಬಿಡುವುದು ಮೇಲು. 12:58ಕ್ಕೆ ನಿಲ್ಲಿಸಿ. ಒಂದಾದ ಮೇಲೂ ಮುಂದುವರಿಸಿದರೆ ಜನ ಎದ್ದು ಹೊರಡುತ್ತಾರೆ. ಅದು ಅಗೌರವವಲ್ಲ, ಅವರ ಊಟದ ಬಿಡುವು ಮುಗಿದಿರುತ್ತದೆ.

ಸ್ಲೈಡುಗಳು ಹತ್ತರ ಒಳಗಿರಲಿ. ಲ್ಯಾಪ್‌ಟಾಪಿಗೆ ಎಚ್‌ಡಿಎಂಐ ಅಡಾಪ್ಟರ್ ನಿಮ್ಮದೇ ತನ್ನಿ, ಪೆನ್‌ಡ್ರೈವಿನಲ್ಲಿ ಇನ್ನೊಂದು ಪ್ರತಿ ಇರಲಿ, ಯೂಟ್ಯೂಬ್ ವಿಡಿಯೋ ನಂಬಬೇಡಿ. ರೆಸ್ಟೋರೆಂಟಿನ ಹಿಂದಿನ ಕೋಣೆಯಲ್ಲಿ ವೈಫೈ ಕೈಕೊಡುತ್ತದೆ. ಮಧ್ಯಾಹ್ನದ ಬಿಸಿಲಿಗೆ ಪರದೆ ಕಾಣದೇ ಹೋಗಬಹುದು, ಸ್ಲೈಡಿಲ್ಲದೆಯೂ ನಡೆಯುವಂತೆ ಮಾತು ಕಟ್ಟಿಕೊಳ್ಳಿ. ಮೈಕ್ ಕೊಟ್ಟರೆ ಬೇಡವೆನ್ನಬೇಡಿ, ಸದಸ್ಯರಲ್ಲಿ ಕಿವಿ ಮಂದವಾದ ಹಿರಿಯರಿರುತ್ತಾರೆ.

ವೀಸಾ, ದುಡ್ಡು, ಮಕ್ಕಳು

ಭಾಷಣಕ್ಕೆ ಕ್ಲಬ್ಬುಗಳು ಸಾಮಾನ್ಯವಾಗಿ ಹಣ ಕೊಡುವುದಿಲ್ಲ. ಅಂದಿನ ಊಟ, ಒಂದು ಪ್ರಮಾಣಪತ್ರ ಅಥವಾ ಪೆನ್ನು, ಇಲ್ಲವೇ ನಿಮ್ಮ ಹೆಸರಿನಲ್ಲಿ ಲೈಬ್ರರಿಗೊಂದು ಪುಸ್ತಕ ಕೊಡುತ್ತಾರೆ. ಅಪ್ಪಿತಪ್ಪಿ ಚೆಕ್ ಕೊಡಲು ಬಂದರೆ, ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಮತ್ತು ಕೆಲಸದ ಪರವಾನಗಿಯಿಲ್ಲದೆ ಎಚ್-4 ಅವಲಂಬಿತರ ವೀಸಾ ಮೇಲಿರುವವರು ತೆಗೆದುಕೊಳ್ಳಬಾರದು. ಅನುಮತಿಯಿಲ್ಲದ ದುಡಿಮೆಯೆಂದು ಲೆಕ್ಕವಾದರೆ ಮುಂದೆ ಗ್ರೀನ್ ಕಾರ್ಡಿಗೆ ತೊಡಕು. 'ನಿಮ್ಮ ಪೋಲಿಯೋ ನಿಧಿಗೇ ಹಾಕಿಬಿಡಿ' ಎಂದು ಹೇಳಿ. ಆಹಾರ ಹಂಚುವುದು, ಪಾರ್ಕ್ ಸ್ವಚ್ಛಗೊಳಿಸುವುದು ಮುಂತಾದ, ಯಾರಿಗೂ ಸಂಬಳ ಕೊಟ್ಟು ಮಾಡಿಸದ ಸೇವೆಯಲ್ಲಿ ಸಂಬಳವಿಲ್ಲದೆ ಕೈಜೋಡಿಸಲು ಅಡ್ಡಿಯಿಲ್ಲ. ಅನುಮಾನವಿದ್ದರೆ ವಕೀಲರನ್ನು ಕೇಳಿ.

12ರಿಂದ 18 ವರ್ಷದ ಮಕ್ಕಳಿಗೆ ಶಾಲೆಯಲ್ಲೇ ರೋಟರಿಯ 'ಇಂಟರ್ಯಾಕ್ಟ್' ಕ್ಲಬ್ ಇರಬಹುದು. ಹೈಸ್ಕೂಲ್ ಮುಗಿಸುವವರಿಗೆ ಸ್ಥಳೀಯ ಕ್ಲಬ್ಬುಗಳು ವಿದ್ಯಾರ್ಥಿವೇತನ ಕೊಡುವುದೂ ಉಂಟು. ಅರ್ಜಿ ತುಂಬುವ ಮುಂಚೆ ಪೌರತ್ವ ಅಥವಾ ಗ್ರೀನ್ ಕಾರ್ಡಿನ ಷರತ್ತು ಇದೆಯೇ ನೋಡಿ, ಎಲ್ಲ ತುಂಬಿದ ಮೇಲೆ ಮಗುವಿಗೆ ನಿರಾಸೆಯಾಗುವುದು ಬೇಡ. ಊರಿನಲ್ಲಿ ರೋಟರಿ ಇಲ್ಲದಿದ್ದರೆ ಲಯನ್ಸ್ ಅಥವಾ ಕಿವಾನಿಸ್ ಎಂಬ ಸೇವಾ ಕ್ಲಬ್ಬುಗಳನ್ನು ಹುಡುಕಿ. ಮೊದಲನೆಯದು ಕಣ್ಣಿನ ಆರೈಕೆಗೆ, ಎರಡನೆಯದು ಮಕ್ಕಳ ಕೆಲಸಕ್ಕೆ ಹೆಸರಾದದ್ದು, ಸಭೆಯ ರೀತಿ ಹೆಚ್ಚುಕಡಿಮೆ ಇದೇ.

ಭಾಷಣವಾದ ಎರಡು ದಿನದೊಳಗೆ ಪ್ರೋಗ್ರಾಂ ಚೇರ್‌ಗೆ ಧನ್ಯವಾದದ ಮೇಲ್ ಹಾಕಿ, ಉತ್ತರ ಗೊತ್ತಿಲ್ಲದೆ ಉಳಿದ ಪ್ರಶ್ನೆಯಿದ್ದರೆ ಹುಡುಕಿ ಅದರಲ್ಲೇ ಬರೆಯಿರಿ. ಮುಂದಿನ ಯುಗಾದಿಗೆ ಅವರನ್ನು ಮನೆಯವರೊಂದಿಗೆ ಕರೆಯಿರಿ. ಕರೆಯುವಾಗ ಊಟ ನಿಜವಾಗಿ ಎಷ್ಟು ಹೊತ್ತಿಗೆ ಬಡಿಸುತ್ತೇವೆ ಎಂಬುದನ್ನೂ, ಯಾವುದು ಖಾರ ಎಂಬುದನ್ನೂ ತಿಳಿಸಿ.