ಇಂಗ್ಲೆಂಡಿನ ಜಿಪಿ ದಾಖಲೆಯೂ ಔಷಧ ಸುರಕ್ಷತೆಯೂ: ಬೆಂಗಳೂರಿನಿಂದ ಹೊರಟವರು ತಿಳಿದಿರಬೇಕಾದದ್ದು

ಬೆಂಗಳೂರಿನಲ್ಲಿ ಬೆಳೆದವರಿಗೆ ವೈದ್ಯಕೀಯ ದಾಖಲೆ ಎಂದರೆ ಮನೆಯ ಬೀರುವಿನಲ್ಲಿರುವ ಪ್ಲಾಸ್ಟಿಕ್ ಫೈಲು. ಜಯನಗರದ ಕ್ಲಿನಿಕ್ಕಿನ ಚೀಟಿ, ರಾಜಾಜಿನಗರದ ಲ್ಯಾಬಿನ ವರದಿ, ಯಾವಾಗಲೋ ತೆಗೆಸಿದ ಎಕ್ಸ್‌ರೇ, ಎಲ್ಲವೂ ಅದರೊಳಗೇ ಇರುತ್ತವೆ. ವೈದ್ಯರನ್ನು ಬದಲಿಸಿದರೆ ಫೈಲು ನಮ್ಮ ಕಂಕುಳಲ್ಲಿ ಹೊಸ ವೈದ್ಯರ ಬಳಿಗೆ ಹೋಗುತ್ತದೆ. ಮರೆತು ಹೋದರೆ ನಮ್ಮ ಚರಿತ್ರೆ ನಾವು ಬಾಯಲ್ಲಿ ಹೇಳಿದಷ್ಟೇ. ಇಂಗ್ಲೆಂಡಿನ ವ್ಯವಸ್ಥೆ ಇದಕ್ಕೆ ತಿರುವುಮುರುವು. ಅಲ್ಲಿ ದಾಖಲೆ ಇರುವುದು ನೀವು ನೋಂದಾಯಿಸಿಕೊಂಡ ಜಿಪಿಯ, ಅಂದರೆ ನಿಮ್ಮ ಬಡಾವಣೆಯ ಕುಟುಂಬ ವೈದ್ಯರ, ಕಂಪ್ಯೂಟರಿನಲ್ಲಿ. ಊರು ಬದಲಿಸಿ ಹೊಸ ಜಿಪಿಯಲ್ಲಿ ನೋಂದಾಯಿಸಿದರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಕೊಡುವ 10 ಅಂಕಿಗಳ ಎನ್‌ಎಚ್‌ಎಸ್ ಸಂಖ್ಯೆಯ ಆಧಾರದ ಮೇಲೆ ದಾಖಲೆ ತಾನಾಗಿಯೇ ಅಲ್ಲಿಗೆ ಸೇರುತ್ತದೆ. ಒಂದು ಇಡೀ ದೇಶದ ಜನ ಯಾವ ಮಾತ್ರೆಯನ್ನು ಯಾವಾಗಿನಿಂದ ತೆಗೆದುಕೊಂಡರು, ಆಮೇಲೆ ಅವರಿಗೆ ಏನಾಯಿತು ಎಂಬುದನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಲು ಅಲ್ಲಿ ಸಾಧ್ಯವಾಗಿರುವುದು ಈ ಒಂದು ಏರ್ಪಾಡಿನಿಂದ. ಅದು ಹೇಗೆ ನಡೆಯುತ್ತದೆ, ಅದರಲ್ಲಿ ನಿಮ್ಮ ಪಾಲು ಏನು, ನಮ್ಮವರು ಅದರ ಕಣ್ಣಿಗೆ ಬೀಳದೆ ಉಳಿಯುವುದು ಎಲ್ಲಿ ಎಂಬುದನ್ನು ಹೇಳಲು ಈ ಬರಹ.

ನೋಂದಣಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಉಚಿತ; ವಿಳಾಸದ ಪುರಾವೆಯಾಗಲಿ ವೀಸಾ ಪತ್ರವಾಗಲಿ ಕಡ್ಡಾಯವಲ್ಲ. ಕಾಯಿಲೆ ಬರಲಿ ಎಂದು ಕಾಯದೆ ಬಂದಿಳಿದ ಕೂಡಲೇ ಮಾಡಿಸಿಕೊಳ್ಳುವುದು ಒಳ್ಳೆಯದು.

ಹೊಸ ಔಷಧವೊಂದು ಮಾರುಕಟ್ಟೆಗೆ ಬರುವ ಮುನ್ನ ಅದನ್ನು ಸಾಮಾನ್ಯವಾಗಿ ಕೆಲವು ಸಾವಿರ ಜನರ ಮೇಲಷ್ಟೇ ಪರೀಕ್ಷಿಸಿರುತ್ತಾರೆ. ಆ ಗುಂಪಿನಲ್ಲಿ ಗರ್ಭಿಣಿಯರು ಇರುವುದು ಅಪರೂಪ. ಎಂಬತ್ತು ದಾಟಿದವರು, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಥೈರಾಯ್ಡ್ ಮೂರಕ್ಕೂ ಒಟ್ಟಿಗೆ ಮಾತ್ರೆ ನುಂಗುವವರು ಬಹಳ ಕಡಿಮೆ. ಹತ್ತು ಸಾವಿರದಲ್ಲಿ ಒಬ್ಬರಿಗೆ ಆಗುವ ಅಡ್ಡಪರಿಣಾಮ ಮೂರು ಸಾವಿರ ಜನರ ಪರೀಕ್ಷೆಯಲ್ಲಿ ಒಮ್ಮೆಯೂ ಕಾಣಿಸದೆ ಹೋದರೆ ಆಶ್ಚರ್ಯವೇನಿಲ್ಲ. ಆದ್ದರಿಂದ ಔಷಧ ಬಳಕೆಗೆ ಬಂದ ಮೇಲೂ ಅದರ ಮೇಲೆ ಕಣ್ಣಿಡಲೇಬೇಕಾಗುತ್ತದೆ. ಬ್ರಿಟನ್ನಿನಲ್ಲಿ ಈ ಹೊಣೆ ಎಂಎಚ್‌ಆರ್‌ಎ ಎಂಬ ಔಷಧ ನಿಯಂತ್ರಣ ಸಂಸ್ಥೆಯದು, ಮತ್ತು ಅದಕ್ಕೆ ಮುಖ್ಯವಾಗಿ ಎರಡು ಮೂಲಗಳಿವೆ.

ಒಂದು, ಯೆಲ್ಲೋ ಕಾರ್ಡ್. ಗರ್ಭಿಣಿಯರು ನುಂಗಿದ ಥಾಲಿಡೊಮೈಡ್ ಎಂಬ ಮಾತ್ರೆಯಿಂದ ಸಾವಿರಾರು ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟಿದ ದುರಂತದ ನಂತರ 1964ರಲ್ಲಿ ಆರಂಭವಾದ ಈ ಯೋಜನೆಯಲ್ಲಿ ಔಷಧದಿಂದ ತೊಂದರೆಯಾಗಿರಬಹುದು ಎಂಬ ಅನುಮಾನವಿದ್ದರೆ ಸಾಕು, ವರದಿ ಕಳಿಸಬಹುದು. ಮೊದಲು ವೈದ್ಯರು ಮತ್ತಿತರ ವೃತ್ತಿಪರರಿಗಷ್ಟೇ ಇದ್ದ ಅವಕಾಶ 2005ರಿಂದ ರೋಗಿಗಳಿಗೂ ತೆರೆದುಕೊಂಡಿತು. ಆದರೆ ಯೆಲ್ಲೋ ಕಾರ್ಡಿಗೆ ಒಂದು ಮಿತಿಯಿದೆ. ಒಂದು ಮಾತ್ರೆಯ ಮೇಲೆ ನೂರು ವರದಿ ಬಂದಿವೆ ಎಂದರೆ ಅದನ್ನು ತೆಗೆದುಕೊಂಡವರು ಸಾವಿರವೋ ಹತ್ತು ಲಕ್ಷವೋ ಎಂಬುದು ಅದರಿಂದ ತಿಳಿಯುವುದಿಲ್ಲ. ಮಾತ್ರೆ ನುಂಗದವರಲ್ಲೂ ಅದೇ ತೊಂದರೆ ಅಷ್ಟೇ ಪ್ರಮಾಣದಲ್ಲಿ ಇದೆಯೇ ಎಂಬುದೂ ತಿಳಿಯುವುದಿಲ್ಲ. ಬೆಂಗಳೂರಿನ ಕಚೇರಿಯೊಂದರಲ್ಲಿ ಕೂತು ದೂರದ ದೇಶಗಳಿಂದ ಬರುವ ಇಂತಹ ವರದಿಗಳನ್ನು ಓದುವುದು ನನ್ನ ದಿನದ ಕೆಲಸವಾದ್ದರಿಂದ ಹೇಳುತ್ತೇನೆ: ವರದಿ ಅನುಮಾನವನ್ನು ಹುಟ್ಟಿಸಬಲ್ಲದೇ ಹೊರತು ತೀರ್ಪನ್ನು ಕೊಡಲಾರದು. ತೀರ್ಪಿಗೆ ಬೇಕಾಗುವುದು ಎರಡನೆಯ ಮೂಲ.

ಅದೇ ಜಿಪಿ ದಾಖಲೆ. 1987ರಲ್ಲಿ ಸಣ್ಣದಾಗಿ ಶುರುವಾಗಿ 2012ರಿಂದ ಸಿಪಿಆರ್‌ಡಿ ಎಂಬ ಹೆಸರಿನಲ್ಲಿ ಎಂಎಚ್‌ಆರ್‌ಎ ಅಡಿಯಲ್ಲೇ ನಡೆಯುತ್ತಿರುವ ದತ್ತಾಂಶ ಭಂಡಾರಕ್ಕೆ, ಭಾಗವಹಿಸಲು ಒಪ್ಪಿದ ಜಿಪಿ ಚಿಕಿತ್ಸಾಲಯಗಳಿಂದ ಮಾಹಿತಿ ಹರಿಯುತ್ತದೆ. ಹಳಬರು, ಹೊಸಬರು ಸೇರಿ ಅದರಲ್ಲಿರುವ ರೋಗಿಗಳ ಸಂಖ್ಯೆ 6 ಕೋಟಿಯನ್ನು ದಾಟಿದೆ. ಹೆಸರು, ವಿಳಾಸ, ಎನ್‌ಎಚ್‌ಎಸ್ ಸಂಖ್ಯೆ, ಪೂರ್ತಿ ಜನ್ಮದಿನಾಂಕ ಇವು ಅಲ್ಲಿಗೆ ಹೋಗುವುದಿಲ್ಲ. ವೈದ್ಯರು ತಮ್ಮ ಮಾತಿನಲ್ಲಿ ಬರೆದುಕೊಂಡ ಟಿಪ್ಪಣಿಯೂ ಹೋಗುವುದಿಲ್ಲ. ಹೋಗುವುದು ಸಂಕೇತಗಳ ರೂಪದಲ್ಲಿ ದಾಖಲಾದ ರೋಗನಿರ್ಣಯ, ಬರೆದುಕೊಟ್ಟ ಔಷಧ, ಪರೀಕ್ಷೆಯ ಫಲಿತಾಂಶ, ಲಸಿಕೆ ಇವಷ್ಟೇ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಔಷಧ ಕಂಪನಿಗಳೂ ಶುಲ್ಕ ಕೊಟ್ಟು ಈ ದತ್ತಾಂಶವನ್ನು ಬಳಸಬಹುದು, ಆದರೆ ವಿಶ್ವವಿದ್ಯಾಲಯವಿರಲಿ ಕಂಪನಿಯಿರಲಿ, ಅಧ್ಯಯನದ ಯೋಜನೆಯನ್ನು ಮುಂಚಿತವಾಗಿ ಬರೆದು ಒಪ್ಪಿಗೆ ಪಡೆಯಬೇಕು.

ಇದರಿಂದ ಆದ ಉಪಯೋಗಕ್ಕೆ ನಮ್ಮ ಮನೆಗಳಲ್ಲಿ ಚರ್ಚೆಗೆ ಬರುವ ಒಂದು ಉದಾಹರಣೆ ಸಾಕು. ಇಂಗ್ಲೆಂಡಿನಲ್ಲಿ ಬಸುರಿಯರಿಗೆ ನಾಯಿಕೆಮ್ಮಿನ ಲಸಿಕೆ ಹಾಕುತ್ತಾರೆ. ‘ನಮ್ಮ ಕಾಲದಲ್ಲಿ ಧನುರ್ವಾಯುವಿನ ಇಂಜೆಕ್ಷನ್ ಬಿಟ್ಟು ಬೇರೇನೂ ಇರಲಿಲ್ಲ, ಇದೇನು ಹೊಸದು, ಮಗುವಿಗೆ ತೊಂದರೆಯಾಗದೇ’ ಎಂದು ಬಸವನಗುಡಿಯಿಂದ ಅಮ್ಮ ಫೋನಿನಲ್ಲಿ ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. 2012ರ ಅಕ್ಟೋಬರಿನಲ್ಲಿ ಈ ಕಾರ್ಯಕ್ರಮ ಆರಂಭವಾದಾಗ ಎಂಎಚ್‌ಆರ್‌ಎಗೂ ಅದೇ ಪ್ರಶ್ನೆಯಿತ್ತು. ಅದು ಸಿಪಿಆರ್‌ಡಿಯ ದಾಖಲೆಗಳಲ್ಲಿ ಲಸಿಕೆ ಪಡೆದ ಸುಮಾರು 20,000 ಗರ್ಭಿಣಿಯರನ್ನು ಗುರುತಿಸಿ, ಲಸಿಕೆ ಪಡೆಯದವರೊಂದಿಗೆ ಹೋಲಿಸಿತು. ಮಗು ಹೊಟ್ಟೆಯಲ್ಲೇ ತೀರಿಕೊಳ್ಳುವ ಅಪಾಯ ಲಸಿಕೆಯಿಂದ ಹೆಚ್ಚಾದದ್ದಕ್ಕೆ ಯಾವ ಪುರಾವೆಯೂ ಸಿಗಲಿಲ್ಲ. ಫಲಿತಾಂಶ 2014ರಲ್ಲಿ ಪ್ರಕಟವಾಯಿತು. ಗರ್ಭಿಣಿಯರ ಮೇಲೆ ಇಂತಹದೊಂದು ದೊಡ್ಡ ಪ್ರಯೋಗ ನಡೆಸಲು ಮುಂದಾಗುವವರು ಅಪರೂಪ. ಆಗಲೇ ದಾಖಲಾಗಿದ್ದ ಮಾಹಿತಿ ಆ ಕೆಲಸ ಮಾಡಿತು. ದಾಖಲೆ ನೋಡಿ ಮಾಡುವ ಎಲ್ಲ ಅಧ್ಯಯನವನ್ನೂ ಕಣ್ಣು ಮುಚ್ಚಿ ನಂಬಬೇಕು ಎಂದೇನಲ್ಲ. ಬಲವಾದ ಔಷಧವನ್ನು ಹೆಚ್ಚು ಕಾಯಿಲೆಯಿರುವವರಿಗೇ ಕೊಡುವುದರಿಂದ, ಅವರಲ್ಲಿ ಸಾವು ಹೆಚ್ಚು ಕಂಡರೆ ಅದು ಔಷಧದ ತಪ್ಪೋ ಕಾಯಿಲೆಯ ತಪ್ಪೋ ಎಂದು ಬಿಡಿಸುವುದು ಈ ವಿದ್ಯೆಯ ದೊಡ್ಡ ತಲೆನೋವು.

ಇದೇ ಬಗೆಯ ದತ್ತಾಂಶ ನೇರವಾಗಿ ನಿಮ್ಮ ಚೀಟಿಗೂ ಬರುತ್ತದೆ. 40ರಿಂದ 74 ವಯಸ್ಸಿನವರನ್ನು ಐದು ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆಗೆ ಕರೆಯುತ್ತಾರೆ. ಮುಂದಿನ 10 ವರ್ಷಗಳಲ್ಲಿ ಹೃದಯಾಘಾತ ಅಥವಾ ಪಾರ್ಶ್ವವಾಯು ಆಗುವ ಸಂಭವವನ್ನು ಕ್ಯೂರಿಸ್ಕ್ ಎಂಬ ಲೆಕ್ಕದಿಂದ ಕಂಡುಕೊಂಡು ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಬೇಕೇ ಎಂದು ನಿಮ್ಮೊಂದಿಗೆ ಮಾತನಾಡುತ್ತಾರೆ. ಈ ಲೆಕ್ಕವನ್ನು ಕಟ್ಟಿದ್ದು ಕ್ಯೂರಿಸರ್ಚ್ ಎಂಬ ಇನ್ನೊಂದು ಜಿಪಿ ದತ್ತಾಂಶ ಭಂಡಾರದಿಂದ. ಅದರಲ್ಲಿ ‘ಭಾರತೀಯ’ ಎಂಬುದಕ್ಕೆ ಪ್ರತ್ಯೇಕ ಸ್ಥಾನವಿದೆ, ಉತ್ತರವೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಜನಾಂಗದ ಪ್ರಶ್ನೆಗೆ ಉತ್ತರ ಇಲ್ಲದವರನ್ನು ಅದು ಬಿಳಿಯರ ಜೊತೆ ಸೇರಿಸಿ ಲೆಕ್ಕ ಹಾಕುತ್ತದೆ. ನೋಂದಣಿ ಫಾರಂನಲ್ಲಿ ಆ ಪ್ರಶ್ನೆ ಕಂಡು ‘ಇವರಿಗೇಕೆ ನಮ್ಮ ಜಾತಿ ಕುಲ’ ಎಂದು ಸಿಡುಕಿ ಖಾಲಿ ಬಿಡುವವರು ನಮ್ಮಲ್ಲಿ ಇದ್ದಾರೆ, ದಯವಿಟ್ಟು ತುಂಬಿ.

ಇನ್ನು ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯ. ಈ ವ್ಯವಸ್ಥೆಗೆ ಕಾಣುವುದು ಅಲ್ಲಿ ಬರೆದುಕೊಟ್ಟ ಔಷಧ ಮಾತ್ರ. ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ಹೋದ ಆರು ತಿಂಗಳ ಮಾತ್ರೆ ಅದಕ್ಕೆ ಕಾಣುವುದಿಲ್ಲ. ಸಕ್ಕರೆ ಕಾಯಿಲೆಗೆ ‘ಗ್ಲೈಕೋಮೆಟ್ ಜಿಪಿ’ ಎಂಬ ಮಾತ್ರೆಯನ್ನು ಊರಿನಿಂದಲೇ ತರಿಸಿ ನುಂಗುವ ಒಬ್ಬರು, ಅಲ್ಲಿನ ದಾಖಲೆಯ ಪ್ರಕಾರ ಯಾವ ಔಷಧವನ್ನೂ ತೆಗೆದುಕೊಳ್ಳದ ವ್ಯಕ್ತಿ. ಅವರಿಗೆ ಸಕ್ಕರೆ ಇಳಿದು ತಲೆ ಸುತ್ತಿ ಬಿದ್ದರೆ ಕಾರಣ ಹುಡುಕುವ ವೈದ್ಯರಿಗೆ ದಾರಿ ತಪ್ಪುತ್ತದೆ, ಮುಂದೆ ಅದೇ ದಾಖಲೆಯಿಂದ ಅಧ್ಯಯನ ಮಾಡುವವರಿಗೂ ತಪ್ಪುತ್ತದೆ. ನೋವಿಗೆ ನಿಮೆಸುಲೈಡ್ ಕಟ್ಟಿಕೊಂಡು ಹೋಗುವುದು ಇನ್ನೂ ಕೆಟ್ಟದ್ದು. ಯಕೃತ್ತಿನ ತೊಂದರೆಯ ವರದಿಗಳಿಂದಾಗಿ ಫಿನ್ಲೆಂಡ್ ಮತ್ತು ಸ್ಪೇನ್ 2002ರಲ್ಲೇ ಅದರ ಮಾರಾಟವನ್ನು ನಿಲ್ಲಿಸಿದವು, ಬ್ರಿಟನ್ನಿನಲ್ಲಿ ಅದು ಮಾರಾಟದಲ್ಲಿಲ್ಲ. ಅಲ್ಲಿನ ವೈದ್ಯರಿಗೆ ಅದು ಹೊಳೆಯುವ ಸಂಭವ ಕಡಿಮೆ.

ಆದ್ದರಿಂದ ಹೊರಡುವ ಮುನ್ನ ಇಲ್ಲಿನ ವೈದ್ಯರಿಂದ ಒಂದು ಪುಟದ ಸಾರಾಂಶ ಬರೆಸಿಕೊಳ್ಳಿ. ಅದರಲ್ಲಿ ಕಂಪನಿಯ ಹೆಸರಿನ ಬದಲು ಔಷಧದ ಮೂಲ ಹೆಸರಿರಲಿ: ಗ್ಲೈಕೋಮೆಟ್ ಜಿಪಿ ಎಂದಲ್ಲ, ಮೆಟ್‌ಫಾರ್ಮಿನ್ ಇಷ್ಟು ಮಿಲಿಗ್ರಾಂ, ಗ್ಲಿಮೆಪಿರೈಡ್ ಇಷ್ಟು ಮಿಲಿಗ್ರಾಂ ಎಂದು. ನಮ್ಮ ಚೀಟಿಗಳಲ್ಲಿ ಕಾಣುವ ‘1-0-1’ ಎಂಬ ಬರಹ ಅಲ್ಲಿ ರೂಢಿಯಲ್ಲಿಲ್ಲ. ಬೆಳಿಗ್ಗೆ ಒಂದು, ರಾತ್ರಿ ಒಂದು ಎಂದು ಬಿಡಿಸಿ ಬರೆಸಿ. ಯಾವುದಾದರೂ ಔಷಧಕ್ಕೆ ಅಲರ್ಜಿಯಾಗಿದ್ದರೆ ಔಷಧದ ಹೆಸರು, ಏನಾಯಿತು ಎಂಬುದು ಎರಡೂ ಇರಲಿ. ‘ಸಲ್ಫಾ ಆಗುವುದಿಲ್ಲ’ ಎಂದಷ್ಟೇ ಹೇಳಿದರೆ ಸಾಲದು. ಜಿಪಿಯ ಬಳಿ ಈ ಹಾಳೆಯನ್ನು ಕೊಟ್ಟಾಗ, ಸ್ಕ್ಯಾನ್ ಮಾಡಿ ಲಗತ್ತಿಸಿದರೆ ಕೆಲಸ ಮುಗಿಯಲಿಲ್ಲ. ಹಿಂದೆ ಹೇಳಿದಂತೆ ಟಿಪ್ಪಣಿ ಮತ್ತು ಲಗತ್ತು ಅಲ್ಲೇ ಉಳಿಯುತ್ತವೆ, ಸಂಕೇತ ಮಾತ್ರ ಮುಂದೆ ಸಾಗುತ್ತದೆ. ‘ಬೇರೆಡೆ ಪಡೆಯುತ್ತಿರುವ ಔಷಧ’ ಎಂದು ಇದನ್ನು ಔಷಧಗಳ ಪಟ್ಟಿಯಲ್ಲೇ ಸೇರಿಸಿ ಎಂದು ಸೌಜನ್ಯದಿಂದ ಕೇಳಿ. ಹೀಗೆ ಸೇರಿಸಿದರೆ ಹೊಸ ಮಾತ್ರೆ ಬರೆಯುವಾಗ ಎರಡೂ ಒಂದಕ್ಕೊಂದು ಹೊಂದುವುದಿಲ್ಲ ಎಂಬ ಎಚ್ಚರಿಕೆ ವೈದ್ಯರ ಪರದೆಯ ಮೇಲೆ ಬರುವ ಸಾಧ್ಯತೆಯೂ ಇರುತ್ತದೆ.

ಆಯುರ್ವೇದ, ಹೋಮಿಯೋಪತಿಗಳಿಗೂ ಇದೇ ಮಾತು. ವೈದ್ಯರು ನಗಬಹುದು ಎಂಬ ಅಳುಕಿನಿಂದ ಅನೇಕರು ಇದನ್ನು ಮುಚ್ಚಿಡುತ್ತಾರೆ. ಭಸ್ಮ ಮತ್ತು ರಸೌಷಧಗಳಲ್ಲಿ ಸೀಸ, ಪಾದರಸ ಇರಬಹುದಾದ ಬಗ್ಗೆ ಎಂಎಚ್‌ಆರ್‌ಎ ಎಚ್ಚರಿಸಿದೆ, ಯೆಲ್ಲೋ ಕಾರ್ಡ್ ಗಿಡಮೂಲಿಕೆ ಔಷಧದ ವರದಿಯನ್ನೂ ಸ್ವೀಕರಿಸುತ್ತದೆ. ಕಾರಣ ತಿಳಿಯದ ರಕ್ತಹೀನತೆ, ಹೊಟ್ಟೆನೋವು ಇರುವವರು ಲೇಹ್ಯದ ಡಬ್ಬಿಯನ್ನೂ ಗುಳಿಗೆಯ ಡಬ್ಬಿಯನ್ನೂ ಜೊತೆಯಲ್ಲೇ ಕೊಂಡೊಯ್ದು ತೋರಿಸಿದರೆ ಎಷ್ಟೋ ಪರೀಕ್ಷೆ ಉಳಿಯುತ್ತದೆ.

ಅಪಸ್ಮಾರಕ್ಕೆ ನಿಮ್ಹಾನ್ಸ್‌ನಲ್ಲೋ ಬೇರೆಲ್ಲೋ ವಾಲ್‌ಪ್ರೋಯೇಟ್ ಆರಂಭಿಸಿದವರಿಗೆ ಅಲ್ಲಿ ಪ್ರಶ್ನೆಗಳ ಸುರಿಮಳೆಯಾಗುತ್ತದೆ, ಗಾಬರಿ ಬೇಡ. ಗರ್ಭದಲ್ಲಿರುವ ಮಗುವಿಗೆ ಅದರಿಂದ ಆಗುವ ಹಾನಿ ದೀರ್ಘ ಕಾಲದ ದಾಖಲೆಗಳಿಂದ ಸ್ಪಷ್ಟವಾದ ಮೇಲೆ ನಿಯಮಗಳು ಬಿಗಿಯಾಗುತ್ತಾ ಬಂದು, 2024ರ ಜನವರಿಯಿಂದ 55 ವರ್ಷದೊಳಗಿನ ಹೆಂಗಸಾಗಲಿ ಗಂಡಸಾಗಲಿ, ಹೊಸದಾಗಿ ಅದನ್ನು ಆರಂಭಿಸಲು ಇಬ್ಬರು ತಜ್ಞರ ಒಪ್ಪಿಗೆ ಬೇಕು. ಹೆದರಿ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಕೂಡದು.

ಅಂಗಡಿಯಲ್ಲೂ ದತ್ತಾಂಶದ ನೆರಳು ಕಾಣುತ್ತದೆ. ನಮ್ಮ ಬೆಂಗಳೂರಿನಲ್ಲೇ ನೆಲೆಯಿರುವ ಕಂಪನಿಯ ಡೋಲೋ 650 ಅಲ್ಲಿಲ್ಲ. ಪ್ಯಾರಾಸಿಟಮಾಲ್ 500 ಮಿಲಿಗ್ರಾಂ ಮಾತ್ರೆ ಸೂಪರ್‌ಮಾರ್ಕೆಟ್ಟಿನಲ್ಲಿ 16ರ ಪೊಟ್ಟಣವಾಗಿ ಸಿಗುತ್ತದೆ, ಮೂರನೆಯ ಪೊಟ್ಟಣ ಕೇಳಿದರೆ ಕೊಡುವುದಿಲ್ಲ. 1998ರಲ್ಲಿ ಪೊಟ್ಟಣದ ಗಾತ್ರವನ್ನು ಹೀಗೆ ಕಡಿಮೆ ಮಾಡಿದ ನಂತರದ 11 ವರ್ಷಗಳ ಸಾವಿನ ದಾಖಲೆಗಳನ್ನು ಪರಿಶೀಲಿಸಿದ ಆಕ್ಸ್‌ಫರ್ಡ್ ತಂಡ, ಪ್ಯಾರಾಸಿಟಮಾಲ್ ವಿಷದಿಂದ ಆಗುವ ಸಾವುಗಳು ಸುಮಾರು 43 ಶೇಕಡಾ ಕಡಿಮೆಯಾಗಿವೆ ಎಂದು 2013ರಲ್ಲಿ ಅಂದಾಜಿಸಿತು. ಊರಿನ 650 ಮತ್ತು ಅಲ್ಲಿನ 500 ಎರಡನ್ನೂ ಬೆರೆಸಿ ನುಂಗುವವರು ದಿನದ ಒಟ್ಟು 4 ಗ್ರಾಂ ದಾಟದಂತೆ ನೋಡಿಕೊಳ್ಳಬೇಕು.

ಈಗ ಗೋಪ್ಯತೆಯ ಪ್ರಶ್ನೆ. ಇಂಗ್ಲೆಂಡಿನ ಜನರೇ ಇದನ್ನು ಸುಲಭಕ್ಕೆ ಒಪ್ಪಿಕೊಂಡವರಲ್ಲ. ಕೇರ್ ಡಾಟ್ ಡೇಟಾ ಎಂಬ ಯೋಜನೆ ಜನರ ಅಪನಂಬಿಕೆಯಿಂದ 2016ರಲ್ಲಿ ಮುಚ್ಚಿಹೋಯಿತು. 2021ರಲ್ಲಿ ಜಿಪಿ ದತ್ತಾಂಶವನ್ನು ಒಂದೆಡೆ ಸೇರಿಸುವ ಇನ್ನೊಂದು ಪ್ರಯತ್ನವೂ ವಿರೋಧದಿಂದ ನಿಂತಿತು. ಇಂತಹ ಅಪನಂಬಿಕೆಗೆ ಉತ್ತರವೆಂಬಂತೆ ಬೆಳೆದದ್ದು ಕೋವಿಡ್ ಸಮಯದಲ್ಲಿ, 2020ರಲ್ಲಿ, ಆಕ್ಸ್‌ಫರ್ಡಿನ ಬೆನ್ ಗೋಲ್ಡೇಕರ್ ಮತ್ತು ಸಂಗಡಿಗರು ಕಟ್ಟಿದ ಓಪನ್‌ಸೇಫ್ಲಿ. ಅದರಲ್ಲಿ ದತ್ತಾಂಶ ಸಂಶೋಧಕರ ಕೈಗೆ ಹೋಗುವುದಿಲ್ಲ. ಸಂಶೋಧಕರು ಬರೆದ ಪ್ರೋಗ್ರಾಂ ದತ್ತಾಂಶ ಇರುವಲ್ಲಿಗೆ ಹೋಗಿ, ಒಟ್ಟು ಲೆಕ್ಕವನ್ನು ಮಾತ್ರ ಹೊರಗೆ ತರುತ್ತದೆ. ದಕ್ಷಿಣ ಏಷ್ಯಾ ಮೂಲದವರಿಗೆ ಕೋವಿಡ್‌ನಿಂದ ಸಾವಿನ ಅಪಾಯ ಹೆಚ್ಚು ಎಂಬುದು 1.7 ಕೋಟಿ ಜನರ ದಾಖಲೆಯಿಂದ ಅಷ್ಟು ಬೇಗ ಗೊತ್ತಾದದ್ದು ಹೀಗೆ.

ಬೇಡವೆನ್ನುವವರಿಗೆ ಇಂಗ್ಲೆಂಡಿನಲ್ಲಿ ಎರಡು ದಾರಿಗಳಿವೆ. ಜಿಪಿಗೆ ಫಾರಂ ಕೊಟ್ಟು ‘ಟೈಪ್ ಒನ್’ ನಿರಾಕರಣೆ ದಾಖಲಿಸಿದರೆ ಚಿಕಿತ್ಸೆಯ ಹೊರತಾದ ಉದ್ದೇಶಕ್ಕೆ ನಿಮ್ಮ ಮಾಹಿತಿ ಆ ಚಿಕಿತ್ಸಾಲಯ ಬಿಟ್ಟು ಹೋಗುವುದಿಲ್ಲ. 2018ರ ಮೇ 25ರಿಂದ ಇರುವ ರಾಷ್ಟ್ರೀಯ ನಿರಾಕರಣೆಯನ್ನು ಎನ್‌ಎಚ್‌ಎಸ್ ಆ್ಯಪಿನಲ್ಲೇ ದಾಖಲಿಸಬಹುದು. ನಿಮ್ಮನ್ನು ಗುರುತಿಸಬಲ್ಲ ಮಾಹಿತಿಯನ್ನು ಆಸ್ಪತ್ರೆ ಮುಂತಾದ ಕಡೆಗಳಿಂದ ಸಂಶೋಧನೆ, ಯೋಜನೆಗಳಿಗೆ ಬಳಸುವುದನ್ನು ಅದು ತಡೆಯುತ್ತದೆ, ಗುರುತು ಅಳಿಸಿದ ಮಾಹಿತಿಗೆ ಅದು ಅನ್ವಯಿಸದು. ಎರಡರಿಂದಲೂ ನಿಮ್ಮ ಚಿಕಿತ್ಸೆಗೆ ಬಾಧೆಯಿಲ್ಲ, ಯಾವಾಗ ಬೇಕಾದರೂ ಮನಸ್ಸು ಬದಲಿಸಬಹುದು. ಸ್ಕಾಟ್ಲೆಂಡ್, ವೇಲ್ಸ್‌ಗಳಲ್ಲಿ ಏರ್ಪಾಡು ಬೇರೆ. ಕಂಪನಿಗಳಿಗೂ ದತ್ತಾಂಶ ಸಿಗುತ್ತದೆ ಎಂಬುದರ ಬಗ್ಗೆ ನನಗೂ ಪೂರ್ತಿ ಸಮಾಧಾನವಿಲ್ಲ. ಆದರೂ ನಿರಾಕರಿಸಬೇಡಿ ಎಂದೇ ನನ್ನ ಸಲಹೆ. ನಮ್ಮವರ ಸಂಖ್ಯೆ ಅಲ್ಲಿ ಮೊದಲೇ ಕಡಿಮೆ, ಅದರಲ್ಲೂ ಅರ್ಧ ಜನ ಹೊರಗುಳಿದರೆ ನಮ್ಮ ಮೈಗೆ ಯಾವ ಔಷಧ ಹೇಗೆ ಎಂಬ ಲೆಕ್ಕ ಬೇರೆಯವರ ಮೈಯಿಂದಲೇ ಬರುತ್ತದೆ.

ಬಾಣಂತನಕ್ಕೆಂದು ಬರುವ ತಂದೆ ತಾಯಿಯರ ವಿಷಯ ಸ್ವಲ್ಪ ಬೇರೆ. ಜಿಪಿ ಅವರನ್ನು ಮೂರು ತಿಂಗಳವರೆಗೆ ತಾತ್ಕಾಲಿಕವಾಗಿ ನೋಂದಾಯಿಸಿಕೊಳ್ಳಬಹುದು, ಅಂಥವರ ದಾಖಲೆಯನ್ನು ಅಧ್ಯಯನಕಾರರು ಸಾಮಾನ್ಯವಾಗಿ ಕೈಬಿಡುತ್ತಾರೆ. ಅವರು ಕಾಲುರಿಗೆ ತರುವ ಪ್ರಿಗ್ಯಾಬಲಿನ್ ಅಲ್ಲಿ 2019ರ ಏಪ್ರಿಲ್‌ನಿಂದ ನಿಯಂತ್ರಿತ ಔಷಧ, ನೋವಿನ ಮಾತ್ರೆಯಾದ ಟ್ರಮಡಾಲ್ ಕೂಡ ನಿಯಂತ್ರಿತವೇ. ವೈದ್ಯರ ಪತ್ರ ಜೊತೆಗಿರಲಿ, ಮೂರು ತಿಂಗಳಿಗೆ ಸಾಕಾಗುವಷ್ಟು ಅಥವಾ ಅದಕ್ಕಿಂತ ಹೆಚ್ಚು ತರುವುದಾದರೆ ಪರವಾನಗಿ ಬೇಕು.

ಬೆಂಗಳೂರಿಗೆ ಮರಳುವವರು ಹೊರಡುವ ಮೊದಲೇ ಜಿಪಿಗೆ ಬರೆದು ಪೂರ್ತಿ ದಾಖಲೆಯ ಪ್ರತಿ ಕೇಳಬಹುದು. ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಕೊಡಬೇಕು. ಇಲ್ಲಿ ಬಂದ ಮೇಲೆ ಔಷಧದಿಂದ ತೊಂದರೆಯಾದರೆ ವರದಿ ಮಾಡಲು ನಮ್ಮಲ್ಲೂ 2010ರಿಂದ ರಾಷ್ಟ್ರೀಯ ಕಾರ್ಯಕ್ರಮವಿದೆ, ಅದರ ಉಚಿತ ಸಹಾಯವಾಣಿ 1800-180-3024. ಕರೆ ಮಾಡುವಾಗ ಮಾತ್ರೆಯ ಹಾಳೆಯನ್ನು ಎಸೆಯದೆ ಕೈಯಲ್ಲಿ ಹಿಡಿದಿರಿ, ಬ್ಯಾಚ್ ಸಂಖ್ಯೆ ಕೇಳಬಹುದು.